ಟೈಲರ್ ಮನೆ ನೋಡಲು ಹೋದದ್ದು

ಒಂದು ಮನೆ ಮಾರಿ ಇನ್ನೊಂದು ಕೊಳ್ಳುತ್ತೇನೆ ಎಂದು ಹೊರಟವನು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ನನಗೆ ಒಂದೂವರೆ ವರ್ಷ ಹೀಗೇ ಆಯಿತು.

ನಾನು ಟೈಲರ್. ಅಂಗಡಿ ಶಿಕಾರಿಪುರದಲ್ಲಿ, ಮನೆ ಸೊರಬದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ಬಸ್ಸು ಹತ್ತಿ ಹೋಗುತ್ತಿದ್ದೆ. 'ಅಂಗಡೀನ ಇಲ್ಲಿಗೇ ತನ್ನಿ' ಎಂದು ಹೆಂಡತಿ, 'ಗಿರಾಕಿಗಳೆಲ್ಲ ಅಲ್ಲಿದ್ದಾರಲ್ಲೇ' ಎಂದು ನಾನು. ಇಪ್ಪತ್ತು ವರ್ಷ ನಡೆದ ಈ ವಾದ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು. ಮಕ್ಕಳಿಲ್ಲ. ಸಂಜೆ ಬಸ್ಸು ಹತ್ತುವುದಕ್ಕೆ ಕಾರಣವೇ ಉಳಿಯಲಿಲ್ಲ. ಒಂದು ದಿನ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿದೆ. ಮರುದಿನವೂ ಮಲಗಿದೆ. ಹಾಗೆ ಎರಡು ವರ್ಷವಾಯಿತು. ಹೊಲಿಗೆ ಮಿಷನ್ನು ನಿಂತ ಮೇಲೆ ಆ ಕೋಣೆಯಲ್ಲಿ ನನ್ನ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಕಡೆಗೆ, ಸೊರಬದ ಮನೆ ಕೊಟ್ಟು ಶಿಕಾರಿಪುರದಲ್ಲೇ ಚಿಕ್ಕದೊಂದು ಮನೆ ತೆಗೆದುಕೊಳ್ಳೋಣ ಎಂದು ತೀರ್ಮಾನ ಮಾಡಿದೆ.

ಅಳತೆ

ಮೊದಲು ನೋಡಿದ ಮನೆ ನನ್ನ ಗಿರಾಕಿಯೊಬ್ಬರದ್ದೇ. 'ಸೈಟು ಮೂವತ್ತು ನಲವತ್ತು, ಪತ್ರದಾಗೆ ಬರದೈತಿ' ಅಂದರು. ಪತ್ರ ನಂಬಿ ಕೂರಬೇಡ, ನೀನೇ ಅಳತೆ ಮಾಡು ಎಂದು ತಿಳಿದವರು ಹೇಳಿದ್ದರು. ಸರಿ, ಕುತ್ತಿಗೆಯಲ್ಲಿದ್ದ ಟೇಪು ತೆಗೆದೆ. ಟೈಲರ್ ಟೇಪು ಐದೇ ಅಡಿ. ಕಾಂಪೌಂಡಿನ ಉದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತ, ಕೂತು ಎದ್ದು ಮಾಡುತ್ತ ಹೋದೆ. ಬೀದಿಯ ನಾಲ್ಕೈದು ಜನ ನಿಂತು ನೋಡತೊಡಗಿದರು. ಒಬ್ಬರು, 'ಏನ್ರೀ, ಗೋಡೆಗೆ ಅಂಗಿ ಹೊಲಿಸ್ತಾರಾ?' ಅಂತಲೂ ಕೇಳಿದರು.

ಎರಡು ಸಲ ಅಳೆದೆ. ಮೂವತ್ತು ಇರಬೇಕಾದ ಕಡೆ ಇಪ್ಪತ್ತೆಂಟೇ ಇತ್ತು.

'ಎರಡಡಿ ಕಮ್ಮಿ ಬರ್ತೈತಲ್ರೀ ಯಜಮಾನ್ರೇ' ಅಂದೆ.

ಅವರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ. 'ಹನ್ನೆರಡು ವರ್ಷದಿಂದ ನಿಮ್ಮ ಹತ್ರ ಅಂಗಿ ಹೊಲಿಸ್ತೀನಿ. ಉಳಿದ ಬಟ್ಟೆ ಎಲ್ಲಿ ಹೋತು ಅಂತ ನಾನು ಒಂದಿನಾನಾದ್ರೂ ಕೇಳೀನೇನ್ರೀ?'

ಕೊಳ್ಳುವವರು ಸೈಟು ಅಳೆದೇ ಕೊಳ್ಳಬೇಕು. ಆದರೆ ಅಳೆಯುವವನು ಟೈಲರ್ ಆಗಿರಬಾರದು.

ದೀಪ ಹಚ್ಚುವವರು

ಎರಡನೇ ಮನೆ ಗಂಡ ಹೆಂಡತಿ ಇಬ್ಬರೇ ಇದ್ದದ್ದು. ಅವರು ದೊಡ್ಡ ಮನೆ ಕಟ್ಟಿಸಿಕೊಂಡು ಇದನ್ನು ಮಾರುತ್ತಿದ್ದರು. ಮನೆ ಚೆನ್ನಾಗಿತ್ತು. ಅಡಿಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತಿತ್ತು. ನಾನು ಒಪ್ಪಿದೆ. ಆದರೆ ಆ ಅಮ್ಮ ಒಪ್ಪಲಿಲ್ಲ.

'ನಿಮ್ಮ ಮನೆಯವ್ರು ಬರ್ಲಿಲ್ವಾ?'

'ಇಲ್ಲಮ್ಮ. ತೀರಿಕೊಂಡ್ರು.'

'ಅಯ್ಯೋ' ಅಂದು ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಆಮೇಲೆ, 'ಹಂಗಾದ್ರೆ ಸಂಜೆ ದೀಪ ಹಚ್ಚೋರು ಯಾರು?' ಅಂದರು.

'ಸ್ವಿಚ್ಚು ನಾನೇ ಹಾಕ್ಕೋತೀನಮ್ಮ.'

'ದೇವ್ರ ದೀಪ! ನೋಡ್ರಿ, ನಾನು ಇಪ್ಪತ್ತು ವರ್ಷ ದೀಪ ಹಚ್ಚಿದ ಮನೆ ಇದು. ಕತ್ಲೆ ಮನೆ ಮಾಡೋಕೆ ಕೊಡಂಗಿಲ್ಲ. ಅಂಜನಾಪುರದಾಗೆ ನಮ್ಮ ಚಿಕ್ಕಮ್ಮನ ಮಗಳು ಒಬ್ಳು ಐದಾಳೆ, ಐವತ್ತೈದು ವರ್ಷ, ಒಬ್ಳೇ. ಅಡಿಗೆ ಬಾಳ ಚೆನ್ನಾಗಿ ಮಾಡ್ತಾಳೆ. ಒಂದ್ಸಲ ನೋಡ್ಬನ್ನಿ. ಆಮೇಲೆ ಮನೆ ವಿಚಾರ ಮಾತಾಡಾಣ.'

ಮನೆ ನೋಡಲು ಬಂದ ಅರವತ್ತೊಂದು ವರ್ಷದವನಿಗೆ ಹೆಣ್ಣು ತೋರಿಸುತ್ತಿದ್ದಾರೆ! ನಾನು ಬೆವರಿದ್ದು ಕಂಡು ಅವರ ಗಂಡನಿಗೆ ಕನಿಕರ ಬಂತು. ನನ್ನ ಕಿವಿಯ ಹತ್ತಿರ ಬಗ್ಗಿ, 'ದುಡುಕಬೇಡ್ರಿ. ಮನೆಗಾದ್ರೆ ಸಾಲ, ತಕರಾರು ಏನೈತಿ ಅಂತ ನೋಡಾಕೆ ಋಣಭಾರ ಪತ್ರ ಕೊಡ್ತಾರೆ. ಇದಕ್ಕೆ ಯಾವ ಆಫೀಸಿನಾಗೂ ಕೊಡಂಗಿಲ್ಲ' ಅಂದರು.

ಆ ಅಮ್ಮನ ಕಿವಿ ಚುರುಕು. ಕಾಫಿ ಲೋಟ ಕುಕ್ಕಿ ಹೇಳಿದರು: 'ಕೊಡ್ತಿದ್ರೆ ನಿಮ್ದು ನಮ್ಮಪ್ಪ ಮೊದ್ಲೇ ತೆಗಿಸ್ತಿದ್ರು!'

ದಿಕ್ಕು

ಇತ್ತ ಸೊರಬದ ಮನೆ ನೋಡಲೂ ಒಬ್ಬರು ಬಂದರು. ಜೊತೆಗೆ ವಾಸ್ತು ಹೇಳುವವರೊಬ್ಬರು. ನಾನು ಹಿಂದಿನ ದಿನವೇ ಹೋಗಿ ಕಸ ಗುಡಿಸಿ ಜೇಡರ ಬಲೆ ತೆಗೆದಿದ್ದೆ. ಮಾರುವವರು ಮನೆ ಗುಡಿಸಿಡಬೇಕು ಎನ್ನುವುದು ಸರಿ. ಆದರೆ ಒಬ್ಬನೇ ಗುಡಿಸುವುದು ಬಹಳ ಕಷ್ಟ. ಪ್ರತಿ ಮೂಲೆಯಲ್ಲೂ ಅರ್ಧ ಗಂಟೆ ನಿಂತೆ.

ವಾಸ್ತುವಿನವರು ಮೊಬೈಲಿನಲ್ಲಿ ದಿಕ್ಸೂಚಿ ಹಾಕಿಕೊಂಡು ನಡುಮನೆಯಲ್ಲಿ ನಿಂತರು. ಬಾಗಿಲು ದಕ್ಷಿಣಕ್ಕಿದೆ ಅಂದರು. 'ಸ್ವಾಮಿ, ಮೂವತ್ತು ವರ್ಷದಿಂದ ಆ ಬಾಗಿಲಲ್ಲೇ ಸೂರ್ಯ ಹುಟ್ಟೋದು' ಅಂದೆ. 'ಕಣ್ಣಿಗೆ ಕಾಣೋದು ಬೇರೆ, ಶಾಸ್ತ್ರ ಬೇರೆ' ಅಂದರು. ಅಡಿಗೆಮನೆಗೆ ಹೋದರೆ ಉತ್ತರ ಎಲ್ಲಿತ್ತೋ ಅಲ್ಲಿ ಪಶ್ಚಿಮ ಬಂದಿತ್ತು. ಬಾವಿ ಹತ್ತಿರ ಹೋದರೆ ಇನ್ನೊಂದು ಕಡೆ. ಕೊಳ್ಳಲು ಬಂದವರ ಮುಖ ಸಣ್ಣದಾಗುತ್ತ ಹೋಯಿತು.

ನನಗೆ ಸಂಶಯ ಬಂದು ನನ್ನ ಫೋನಿನಲ್ಲೂ ದಿಕ್ಸೂಚಿ ಹಾಕಿದೆ. ಬಾಗಿಲು ಪೂರ್ವಕ್ಕೇ ಇತ್ತು. ಆಗ ಅವರ ಫೋನಿನ ಕವರು ಕಣ್ಣಿಗೆ ಬಿತ್ತು. ಮಡಚುವ ಕವರು, ಟಪ್ ಎಂದು ಅಂಟಿಕೊಳ್ಳುವಂಥದ್ದು.

'ಸ್ವಾಮಿ, ಅದಕ್ಕೆ ಆಯಸ್ಕಾಂತ ಇದೆಯಲ್ಲ? ಒಂದ್ಸಲ ತೆಗೆದು ನೋಡಿ.'

ಕವರು ತೆಗೆದರು. ಮುಳ್ಳು ಗಿರ್ರನೆ ತಿರುಗಿ ಪೂರ್ವವನ್ನು ಬಾಗಿಲಿಗೆ ತಂದು ನಿಲ್ಲಿಸಿತು. 'ಮನೆಗೆ ದೋಷ ಇಲ್ಲ. ಕವರಿಗೆ ಇದೆ' ಎಂದು ಅವರೇ ನಕ್ಕರು. ನಾನೂ ನಕ್ಕೆ.

ಕೊಳ್ಳಲು ಬಂದವರು ಮಾತ್ರ ನಗಲಿಲ್ಲ. ನಿಧಾನವಾಗಿ ಕೇಳಿದರು: 'ಹೋದ ವರ್ಷ ನಮ್ಮ ಅಡಿಗೆಮನೆ ಒಡಿಸಿ ಹಿತ್ತಲಿಗೆ ಹಾಕಿಸಿದ್ರಲ್ಲ, ಆಗ್ಲೂ ಇದೇ ಕವರಿತ್ತಾ?'

ಆಮೇಲೆ ಅವರಿಬ್ಬರ ನಡುವೆ ನಡೆದದ್ದರಲ್ಲಿ ನನ್ನ ಮನೆಯ ಮಾತೇ ಬರಲಿಲ್ಲ. ನನಗೂ ಸಾಕಾಯಿತು. ಕೀಲಿಯನ್ನು ಊರಿನಲ್ಲೇ ಇರುವ ಬಾಮೈದನಿಗೆ ಕೊಟ್ಟು, 'ಯಾರಾದ್ರೂ ಬ್ರೋಕರಿಗೆ ಹೇಳಿ ನೀನೇ ನೋಡ್ಕೊಳ್ಳಪ್ಪ' ಎಂದು ಬಸ್ಸು ಹತ್ತಿದೆ.

ಕಂಡಕ್ಟರ್ ಮನೆ

ಆಮೇಲೆ ಸಿಕ್ಕವರು ನಿವೃತ್ತ ಬಸ್ ಕಂಡಕ್ಟರ್. ಸೊರಬದ ಬಸ್ಸಿನಲ್ಲಿ ನನಗೆ ಎಷ್ಟೋ ವರ್ಷ ಟಿಕೆಟ್ ಕೊಟ್ಟವರೇ. 'ಎಲ್ಲಿಗೆ?' 'ಸೊರಬ' ಇದಕ್ಕಿಂತ ಹೆಚ್ಚು ಮಾತು ನಮ್ಮಿಬ್ಬರಲ್ಲಿ ನಡೆದಿರಲಿಲ್ಲ. ಅವರೂ ಒಬ್ಬರೇ, ಮದುವೆಯಾಗಿರಲಿಲ್ಲ. ಶಿಕಾರಿಪುರದ ಮನೆ ಮಾರಿ ಶಿವಮೊಗ್ಗದ ಅಕ್ಕನ ಮನೆ ಹತ್ತಿರ ಹೋಗುವ ಯೋಚನೆಯಲ್ಲಿದ್ದರು.

ಮನೆ ತೋರಿಸುವಾಗಲೂ ಅಭ್ಯಾಸ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತರೆ, 'ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಾಗೆ ನಿಲ್ಬೇಡ್ರಿ, ಮುಂದೆ ಜಾಗ ಐತಿ.' ನಡುಮನೆ ನೋಡಿ ಮುಗಿದ ತಕ್ಷಣ, 'ರೈಟ್!' ಆಮೇಲೆ ಅಡಿಗೆಮನೆ. ಆಮೇಲೆ ಇಬ್ಬರೂ ಕೂತು ಕಾಫಿ ಕುಡಿದೆವು. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಿದ್ದರು, ಯಾರು ಟಿಕೆಟ್ ತೆಗೆಸದೆ ನಿದ್ದೆ ನಟಿಸುತ್ತಿದ್ದರು, ಎಲ್ಲ ಹೇಳಿದರು. 'ನೀವು ಸಂಜೆ ಬಸ್ಸಿನಾಗೆ ಒಂದು ಕಟ್ಟು ಮಲ್ಲಿಗೆ ಹೂವು ಹಿಡ್ಕೊಂಡು ಕೂರ್ತಿದ್ರಿ' ಅಂದರು. ಅದನ್ನು ಇನ್ನೊಬ್ಬರು ನೋಡಿದ್ದರು, ನೆನಪಿಟ್ಟುಕೊಂಡಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಭಾನುವಾರ, ಚಾವಣಿ ಸೋರುತ್ತದೋ ಏನೋ ನೋಡಬೇಕು ಎಂದು ಹೋದೆ. ಅದರ ಮುಂದಿನ ಭಾನುವಾರ ನಲ್ಲಿಯ ನೀರು. ನಾಲ್ಕನೇ ಭಾನುವಾರ ನೋಡಲು ಏನೂ ಉಳಿದಿರಲಿಲ್ಲ. ಕಿಟಕಿಯ ಚಿಲಕ ನೋಡುತ್ತೇನೆ ಅಂದೆ. ಅವರೂ, 'ಹೌದು, ಚಿಲಕ ನೋಡ್ಬೇಕಾದ್ದೇ' ಎಂದು ಕಾಫಿಗೆ ನೀರಿಟ್ಟರು.

ಐದನೇ ಭಾನುವಾರ ಹೋದರೆ ಮನೆ ಮುಂದೆ ಲಗೇಜ್ ಆಟೋ ನಿಂತಿದೆ. ಮಂಚ, ಕುರ್ಚಿ ಎಲ್ಲ ಏರಿಸುತ್ತಿದ್ದಾರೆ. ಗುರುವಾರ ಯಾರೋ ಬಂದು, ನೋಡಿ, ಹತ್ತು ನಿಮಿಷದಲ್ಲಿ ಮಾತು ಮುಗಿಸಿದ್ದರಂತೆ. ಮನೆ ಹೋದದ್ದಕ್ಕೆ ನನಗೆ ಬೇಜಾರಾಗಲಿಲ್ಲ, ಭಾನುವಾರಗಳು ಹೋದದ್ದಕ್ಕೆ ಆಯಿತು. ನನ್ನ ಮುಖ ನೋಡಿ ಅವರಿಗೂ ಹೇಗೋ ಆಯಿತು. ಹೆಗಲ ಮೇಲೆ ಕೈ ಹಾಕಿ ಹೇಳಿದರು:

'ನಾಲ್ಕು ವಾರ ಆರಾಮಾಗಿ ಸೀಟ್ ಹಿಡ್ಕೊಂಡು ಕೂತ್ರಿ. ಟಿಕೆಟ್ ತಗೊಳ್ಳೇ ಇಲ್ವಲ್ರೀ!'

ಸೊರಬದಲ್ಲೊಂದು ಮನೆ

ಇದಾದ ಮೇಲೆ ಶಿಕಾರಿಪುರದಲ್ಲಿ ಮನೆ ಹುಡುಕುವುದೇ ಬೇಡವೆನಿಸಿತು. ಮೂಲೆ ಮೂಲೆಯಲ್ಲೂ ಅವಳ ನೆನಪಿಲ್ಲದ ಬೇರೆ ಮನೆಯಾದರೆ ಸಾಕು, ಸೊರಬದಲ್ಲೇ ಆದರೂ ಸರಿ ಅಂದುಕೊಂಡೆ. ಅಂಗಡಿಗೆ ಬಂದ ಒಬ್ಬರು ಸೊರಬದ ಹೊಸ ಬ್ರೋಕರ್ ಒಬ್ಬನ ನಂಬರ್ ಕೊಟ್ಟರು. ಶಿರಸಿ ಕಡೆಯವನು, ಬಂದು ಆರು ತಿಂಗಳಾಗಿತ್ತು. ಫೋನ್ ಮಾಡಿದೆ.

'ನಿಮಗೆ ಅಂತಲೇ ಕಟ್ಟಿದ ಮನೆ ಇದೆ ಸಾರ್' ಅಂದ. 'ಎರಡು ರೂಮು, ಸಿಹಿನೀರಿನ ಬಾವಿ, ಹಿತ್ತಲಲ್ಲಿ ಪೇರಲ ಮರ. ಗಲಾಟೆ ಇಲ್ಲ. ಗುಡವಿ ಪಕ್ಷಿಧಾಮಕ್ಕೆ ಹೋಗೋ ಹಕ್ಕಿ ಎಲ್ಲಾ ಆ ಮನೆ ಮೇಲೇ ಹೋಗೋದು.'

'ಯಾವ ಕಡೆ ಅದು?'

'ಅದು ಮಾತ್ರ ಹೇಳಲ್ಲ. ಬನ್ನಿ, ತೋರಿಸ್ತೀನಿ.' ಬ್ರೋಕರುಗಳು ಜಾಗ ಹೇಳುವುದಿಲ್ಲ. ಹೇಳಿದರೆ ನಾವು ನೇರವಾಗಿ ಯಜಮಾನರ ಹತ್ತಿರ ಹೋಗಿಬಿಡುತ್ತೇವೆ ಎಂದು.

ಅವನು ಹೇಳಿದ ರೀತಿಗೆ ನನಗೆ ಆಸೆ ಹುಟ್ಟಿತು. ಪೇರಲ ಮರ ನಮ್ಮ ಮನೆಯಲ್ಲೂ ಇತ್ತು. ಇನ್ನೊಂದು ಮನೆಯಲ್ಲೂ ಇದ್ದರೆ ಒಳ್ಳೆಯದೇ ಅಂದುಕೊಂಡೆ. ಅಂಗಡಿ ಬಾಗಿಲು ಹಾಕಿ ಬಸ್ಸು ಹತ್ತಿದೆ. ಸೊರಬದಲ್ಲಿ ಇಳಿದು ಅವನ ಬೈಕಿನ ಹಿಂದೆ ಕೂತೆ. ಬೈಕು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಆಮೇಲೆ ನಮ್ಮ ಬೀದಿಗೇ ತಿರುಗಿತು. ಬಂದು ನಿಂತದ್ದು ನನ್ನ ಮನೆ ಮುಂದೆ.

ಬಾಮೈದ ಇವನಿಗೇ ಕೀಲಿ ಕೊಟ್ಟಿದ್ದ. ಇವನು ನನ್ನನ್ನು ನೋಡಿರಲಿಲ್ಲ. 'ಏ, ಇದು ನನ್ನ ಮನೆ ಕಣಪ್ಪ' ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು, 'ಹೇಗಿದೆ ಸಾರ್, ಲಕ್ಷಣವಾಗಿಲ್ವಾ?' ಅಂದ. ನನ್ನ ಮನೆಯನ್ನು ಯಾರಾದರೂ ಹಾಗೆ ಹೊಗಳಿ ಬಹಳ ದಿನವಾಗಿತ್ತು. ಇನ್ನಷ್ಟು ಹೇಳಲಿ ಎಂದು ಸುಮ್ಮನಾದೆ.

ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಿದ್ದವರು, 'ಬಂದ್ರಾ? ಬಾಳ ದಿನ ಆತು' ಎಂದು ನಕ್ಕರು. ಬ್ರೋಕರ್ ಹಿಗ್ಗಿದ: 'ನೋಡಿದ್ರಾ ಅಕ್ಕಪಕ್ಕದವರು ಎಂಥ ಜನ! ಗುರುತು ಪರಿಚಯ ಇಲ್ದಿದ್ರೂ ಹೇಗೆ ಮಾತಾಡಿಸ್ತಾರೆ.'

ಬೀಗ ತೆಗೆಯಲು ಒದ್ದಾಡಿದ. 'ಬಾಗಿಲು ಸ್ವಲ್ಪ ಮೇಲೆತ್ತಿ ತಿರುಗಿಸು' ಅಂದೆ. ಬಾಗಿಲು ತೆರೆಯಿತು. 'ಸಾರಿಗೆ ಮನೆಗಳ ವಿಷಯದಲ್ಲಿ ಒಳ್ಳೇ ಅನುಭವ ಇದೆ' ಅಂದ.

ಅಡಿಗೆಮನೆಯಲ್ಲಿ ಮಾತ್ರ ಅವನ ಉತ್ಸಾಹ ಇಳಿಯಿತು. 'ಈ ಕಟ್ಟೆ ಒಂದು ಯಾಕೋ ತೀರಾ ಗಿಡ್ಡ ಮಾಡಿಸಿದ್ದಾರೆ. ಒಡೆದು ಎತ್ತರ ಮಾಡಿಸ್ಕೊಳ್ಳಿ.' ಆ ಕಟ್ಟೆ ಗಿಡ್ಡವಲ್ಲ. ನನ್ನ ಹೆಂಡತಿ ಗಿಡ್ಡ. ಅವಳ ಮೊಣಕೈಗೆ ಸರಿಯಾಗಿ ಬರಲಿ ಎಂದು ಅವಳನ್ನೇ ನಿಲ್ಲಿಸಿ ಮೇಸ್ತ್ರಿಗೆ ಹೇಳಿ ಮಾಡಿಸಿದ್ದು. ನಾನು ಅದರ ಮೇಲೆ ಕೈ ಇಟ್ಟುಕೊಂಡು ನಿಂತೆ.

'ಒಪ್ಪಿಗೆನಾ ಸಾರ್?'

'ಬಾಳ ಒಪ್ಪಿಗೆ.'

'ಹಾಗಾದ್ರೆ ಇರಿ, ಯಜಮಾನ್ರಿಗೇ ಫೋನ್ ಹಾಕ್ತೀನಿ. ಅವರ ಬಾಮೈದ ನಂಬರ್ ಕೊಟ್ಟಿದ್ದಾನೆ. ಸ್ವಲ್ಪ ಬಿಗಿ ಮನುಷ್ಯನಂತೆ, ನಾನು ಬಗ್ಗಿಸ್ತೀನಿ ಬಿಡಿ.' ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಗೇಟಿನ ಹತ್ತಿರ ಹೋದ. ಒಳಗೂ ಸಿಗುತ್ತದೆ, ಹಿತ್ತಲ ಬಾಗಿಲ ಹತ್ತಿರ ನಿಂತರೆ; ಅದು ಅವನಿಗೆ ಗೊತ್ತಿರಲಿಲ್ಲ.

ನನ್ನ ಹತ್ತಿರ ಎರಡು ಫೋನು. ಒಂದು ಅಂಗಡಿಯದು, ಬ್ರೋಕರಿಗೆ ನಾನು ಕರೆ ಮಾಡಿದ್ದು ಅದರಿಂದಲೇ. ಇನ್ನೊಂದು ಮನೆಯದು, ಅವಳ ಕೈಯಲ್ಲಿ ಇರುತ್ತಿದ್ದದ್ದು. ಅದಕ್ಕೆ ಈಗ ಕಂಪನಿಯವರ ಜಾಹೀರಾತು ಬಿಟ್ಟರೆ ಯಾರೂ ಕರೆ ಮಾಡುವುದಿಲ್ಲ. ಆದರೂ ದಿನಾ ಚಾರ್ಜ್ ಮಾಡಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಅದು ಹೊಡೆದುಕೊಂಡಿತು. ಹಿತ್ತಲ ಬಾಗಿಲಿಗೆ ಹೋಗಿ ಎತ್ತಿದೆ.

'ನಮಸ್ಕಾರ ಯಜಮಾನ್ರೇ, ಬ್ರೋಕರ್ ಮಾತಾಡೋದು. ಒಳ್ಳೇ ಪಾರ್ಟಿ ಬಂದಿದ್ದಾರೆ. ಮನೆ ಬಾಳ ಇಷ್ಟ ಆಗಿದೆ ಅವರಿಗೆ.'

ದನಿ ತಗ್ಗಿಸಿ ಹೇಳಿದೆ: 'ಹಾಗಾದ್ರೆ ಮಾರಲ್ಲಪ್ಪ.'

'ಯಾಕೆ ಸಾರ್? ಇಷ್ಟ ಆಗಿದೆ ಅಂದೆನಲ್ಲ?'

'ಅದಕ್ಕೇ' ಎಂದು ಫೋನ್ ಇಟ್ಟು, ಕಣ್ಣು ಒರೆಸಿಕೊಂಡು, ಮತ್ತೆ ಅಡಿಗೆಮನೆಯ ಕಟ್ಟೆಯ ಹತ್ತಿರ ಬಂದು ನಿಂತೆ.

ಬ್ರೋಕರ್ ತಲೆ ಕೆರೆದುಕೊಳ್ಳುತ್ತ ಒಳಗೆ ಬಂದ. 'ವಿಚಿತ್ರ ಮನುಷ್ಯ ಸಾರ್. ನಿಮಗೆ ಇಷ್ಟ ಆಗಿದ್ದಕ್ಕೇ ಮಾರಲ್ವಂತೆ! ದನಿ ಬೇರೆ ಹೇಗೋ ಇತ್ತು, ಅಳ್ತಾ ಇದ್ರೋ ಏನೋ.'

'ಈಗ ಏನ್ ಮಾಡೋದು?' ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಬಹಳ ಕಾಳಜಿಯಿಂದ ಹೇಳಿದ: 'ಬೇಜಾರು ಮಾಡ್ಕೋಬೇಡಿ ಸಾರ್. ಹೆಂಡ್ತಿ ತೀರಿಕೊಂಡು ಒಬ್ರೇ ಇದ್ದಾರಂತೆ ಪಾಪ, ಮಾತಾಡೋಕೆ ಜನ ಇಲ್ಲ. ವಯಸ್ಸೂ ಹೆಚ್ಚು ಕಡಿಮೆ ನಿಮ್ಮದೇ. ಅವರನ್ನ ಇಲ್ಲಿಗೇ ಕರೆಸ್ತೀನಿ. ನೀವಿಬ್ರೂ ಒಂದು ಸಂಜೆ ಕೂತು ಮಾತಾಡ್ಕೊಂಡ್ರೆ ಎಲ್ಲಾ ಸರಿ ಹೋಗುತ್ತೆ.'