ತಿರುವಿನಲ್ಲಿ ಆನೆ ಇದೆ

"ನಿನ್ನ ಬೈಕಿಗೆ ಬ್ರೇಕ್ ಅನ್ನೋದು ಇದೆಯೇನೋ, ಇಲ್ಲ ಅದನ್ನೂ ಬಿಚ್ಚಿ ಗುಜರಿಗೆ ಹಾಕಿದ್ದೀಯಾ?"

"ಕೂಗಾಡ್ಬೇಡಿ ಅಂಕಲ್. ಹಾರ್ನ್ ಹೊಡೆದಿದ್ದೆ."

"ಹಾರ್ನ್ ಹೊಡೆದ್ರೆ ರೋಡ್ ಅಗಲ ಆಗುತ್ತೇನೋ, ಮುಟ್ಠಾಳ!"

ಚೆನ್ನಯ್ಯನ ಕೈಯಲ್ಲಿ ಒಂದು ಸ್ಟೀಲ್ ಟಿಫಿನ್ ಡಬ್ಬಿ ಇತ್ತು. ಕಾಲು ಗಂಟೆಯ ಹಿಂದೆ ಅದು ನಿಜವಾಗಿಯೂ ಡಬ್ಬಿಯಾಗಿತ್ತು. ಈಗ ಒಳಗಿನ ಅಕ್ಕಿ ರೊಟ್ಟಿಗಿಂತ ಡಬ್ಬಿಯೇ ತೆಳ್ಳಗಾಗಿತ್ತು. ಬೈಕಿನ ಎರಡೂ ಚಕ್ರ ಅದರ ಮೇಲೆ ಹೋಗಿದ್ದವು. ಡಬ್ಬಿ ಹಿಡಿದಿದ್ದ ಚಿನ್ನಿ, ಅಂದರೆ ಚೆನ್ನಯ್ಯನ ಏಳು ವರ್ಷದ ಮಗಳು, ಪಕ್ಕದ ಕಾಫಿ ಗಿಡದೊಳಗೆ ಹಾರಿ ಉಳಿದುಕೊಂಡಿದ್ದಳು. ಅವಳು ಬಿದ್ದ ರಭಸಕ್ಕೆ ಗಿಡದ ಎರಡು ರೆಂಬೆ ಮುರಿದು ಜೋತಾಡುತ್ತಿದ್ದವು. ಮೊಣಕಾಲು ತರಚಿದ್ದಕ್ಕೆ ಹುಡುಗಿ ಅಳಲಿಲ್ಲ. ಡಬ್ಬಿ ನೋಡಿ ಅತ್ತಳು. ಅವಳನ್ನು ಸ್ಕೂಲಿನ ಗೇಟಿನವರೆಗೆ ಬಿಟ್ಟು ಚೆನ್ನಯ್ಯ ನೇರ ಬೋಜಪ್ಪನ ಟೀ ಅಂಗಡಿಗೆ ಬಂದಿದ್ದ.

ಆ ರಸ್ತೆಯ ವಿಷಯ ಹೇಳಬೇಕು. ಮಾದಾಪುರದ ಕಡೆಯಿಂದ ಉತ್ತಯ್ಯನವರ ಎಸ್ಟೇಟಿನ ನಡುವೆ ನುಸುಳಿಕೊಂಡು ಬರುವ ಅದರ ಅಗಲ ಒಂದು ಜೀಪಿನಷ್ಟು. ಜೀಪೂ ಹಸುವೂ ಎದುರುಬದುರು ಬಂದರೆ ಹಸುವೇ ಗೆಲ್ಲುತ್ತದೆ. ಬೋಜಪ್ಪನ ಟೀ ಅಂಗಡಿ ದಾಟಿದ ಕೂಡಲೇ ಮೊಣಕೈ ಮಡಚಿದ ಹಾಗೆ ಒಂದು ತಿರುವು. ಎರಡೂ ಕಡೆ ಆಳೆತ್ತರದ ಕಾಫಿ ಗಿಡ. ಎದುರಿನಿಂದ ಯಮ ಕೋಣದ ಮೇಲೆ ಬಂದರೂ ಕೋಣದ ಉಸಿರು ಮುಖಕ್ಕೆ ತಾಗುವವರೆಗೆ ಕಾಣುವುದಿಲ್ಲ. ಈ ತಿರುವಿನಲ್ಲಿ ಹೋಮ್‌ಸ್ಟೇ ಕೆಲಸಕ್ಕೆ ಹೋಗುವ ದಿಗಂತನ ಬೈಕು ದಿನವೂ ಗುಂಡು ಹಾರಿದ ಹಾಗೆ ಹಾರುತ್ತಿತ್ತು. ಇವತ್ತು ತಿರುವು ಹತ್ತಿ ಬಂದಾಗ ಹಾಲಿನ ಜೀಪು ಅಂಗಡಿ ಮುಂದೆ ಅಡ್ಡ ನಿಂತಿದ್ದರಿಂದ ಅವನು ಸಿಕ್ಕಿಬಿದ್ದ.

"ಎಂಟಕ್ಕೆ ಹೋಮ್‌ಸ್ಟೇಯಲ್ಲಿ ಥಂಬ್ ಒತ್ತದಿದ್ರೆ ನನ್ನ ಮಗನಿಗೆ ಅರ್ಧ ದಿನ ರಜೆ ಹಾಕ್ತಾರೆ ರೈಟ್ರೇ," ಎಂದಳು ಹಾಲಿಗೆ ಬಂದಿದ್ದ ದಿಗಂತನ ತಾಯಿ ಪೊನ್ನಮ್ಮ. ಚೆನ್ನಯ್ಯ ಎಸ್ಟೇಟಿನ ರೈಟರ್. ಆಳುಗಳ ಹಾಜರಿ ಬರೆದು, ಕೆಲಸ ಹಂಚುವವನು. ಊರಿಗೆಲ್ಲ ಅವನು ರೈಟ್ರೇ.

"ಹಾಗಾದ್ರೆ ಬೆಳಿಗ್ಗೆ ಬೇಗ ಎಬ್ಬಿಸಿ ಪೊನ್ನಮ್ಮಕ್ಕ."

"ನೀವೇ ಬಂದು ಎಬ್ಬಿಸಿ ನೋಡಿ!"

"ಮಕ್ಕಳನ್ನ ಒಬ್ಬೊಬ್ಬರೇ ರೋಡಿಗೆ ಬಿಡಬಾರ್ದು," ಎಂದ ಬೋಜಪ್ಪ, ಟೀ ಸೋಸುತ್ತಾ. ಜಗಳದಲ್ಲಿ ಎರಡೂ ಕಡೆಯವರು ಟೀ ಕುಡಿಯುವವರಾದ್ದರಿಂದ ಅವನು ಯಾವಾಗಲೂ ಅಲ್ಲಿಲ್ಲದವರ ಮೇಲೆ ತಪ್ಪು ಹೊರಿಸುತ್ತಿದ್ದ.

ಬೆಂಚಿನ ಮೂಲೆಯಲ್ಲಿ ಪಂಚಾಯಿತಿ ಮೆಂಬರ್ ಜಯಪ್ರಕಾಶ್ ಕೂತಿದ್ದ. "ಆ ತಿರುವಿಗೆ ರೋಡ್ ಹಂಪ್ ಬರುತ್ತೆ ರೈಟ್ರೇ. ಇವತ್ತೋ ನಾಳೆಯೋ ಬಂದೇ ಬರುತ್ತೆ."

"ಚಿನ್ನಿ ಅಂಗನವಾಡಿ ಸೇರಿದಾಗ ಕೊಟ್ಟ ಅರ್ಜಿ ಅದು. ಈಗ ಎರಡನೇ ಕ್ಲಾಸು. ಅವಳ ಮದುವೆ ದಿಬ್ಬಣ ಹೋಗೋ ಹೊತ್ತಿಗಾದ್ರೂ ಬರುತ್ತಾ?"

"ನನ್ನ ಮಾತು ನಂಬಿ."

"ನಂಬಿ ನಂಬಿ ಕಾಲು ಸೋತಿದೆ ಜಯಪ್ರಕಾಶಣ್ಣ."

ಅಷ್ಟರಲ್ಲಿ ಜೀಪು ಸರಿಯಿತು. ದಿಗಂತ್ ಕಿಕ್ ಹೊಡೆದ. "ರೋಡೇನು ನಿಮ್ಮನೆ ಅಂಗಳನಾ ಅಂಕಲ್?" ಎಂದ ಮಾತು ಮುಗಿಯುವುದರೊಳಗೆ ಮಾತಾಡಿದ ಬಾಯಿ ಅಂಗಡಿಯ ಮೇಲಿನ ಏರಿನಾಚೆ ಇತ್ತು.

ಚೆನ್ನಯ್ಯ ಚಪ್ಪಟೆ ಡಬ್ಬಿಯನ್ನು ಅಂಗಿಯ ಜೇಬಿಗೆ ತುರುಕಿಕೊಂಡ. ಈಗ ಅದು ಜೇಬಿಗೆ ಹಿಡಿಸುತ್ತಿತ್ತು. ತೋಟದ ಕಡೆ ನಾಲ್ಕು ಹೆಜ್ಜೆ ಹೋದವನು ನಿಂತು ಮೊಬೈಲು ತೆಗೆದ.

ಆ ಕಡೆಯ ನಾಲ್ಕು ಊರಿನವರು ಸೇರಿ ಮಾಡಿಕೊಂಡ ವಾಟ್ಸಾಪ್ ಗ್ರೂಪೊಂದಿತ್ತು. ಹೆಸರು 'ಆನೆ ಮಾಹಿತಿ'. ತೋಟಕ್ಕೆ ಕಾಡಾನೆ ಇಳಿದರೆ ಕಂಡವರು ಎಲ್ಲಿ, ಎಷ್ಟು, ಯಾವ ಕಡೆ ಎಂದು ಅದರಲ್ಲಿ ಹಾಕಬೇಕು. ಬೆಳಿಗ್ಗೆ ಎದ್ದು ದೇವರ ಪಟ ನೋಡುವ ಮೊದಲು ಜನ ಅದನ್ನು ನೋಡುತ್ತಾರೆ. ಅದರ ಮಾತು ಮೀರಿದವರು ಏನಾದರೆಂದು ಎಲ್ಲರಿಗೂ ಗೊತ್ತು. ಅದರಲ್ಲಿ ಸುಳ್ಳು ಹಾಕುವುದೆಂದರೆ ಕುಡಿಯುವ ಬಾವಿಗೆ ಉಗಿದ ಹಾಗೆ. ಇದು ಚೆನ್ನಯ್ಯನಿಗೂ ಗೊತ್ತಿತ್ತು. ಬೆರಳು ತಡೆಯಿತು. ಆದರೆ ಜೇಬಿನ ಡಬ್ಬಿಯ ಅಂಚು ಎದೆಗೆ ಚುಚ್ಚಿತು.

'ಬೋಜಪ್ಪನ ಅಂಗಡಿ ಕೆಳಗಿನ ತಿರುವಿನಲ್ಲಿ ಒಂಟಿ ಸಲಗ ನಿಂತಿದೆ. ಬೈಕಿನವರು ಬಹಳ ನಿಧಾನ ಬನ್ನಿ.'

ಒತ್ತಿಬಿಟ್ಟ.

ಫಲ ಕೂಡಲೇ ಕಂಡಿತು. ಮೇಲಿನಿಂದ ಬಂದ ಎರಡು ಬೈಕು ಅಂಗಡಿಯ ಮುಂದೆ ನಿಂತವು. ಹುಡುಗರು ಇಳಿದು, ಇಂಜಿನ್ ಆಫ್ ಮಾಡಿ, ಸೀರೆ ಉಟ್ಟ ಮದುಮಗಳ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಬೈಕು ತಳ್ಳಿಕೊಂಡು ತಿರುವು ದಾಟಿದರು. ಕಾಫಿ ಗಿಡದ ಮರೆಯಲ್ಲಿ ನಿಂತು ನೋಡುತ್ತಿದ್ದ ಚೆನ್ನಯ್ಯನ ಎದೆ ತುಂಬಿ ಬಂತು. ನಾಲ್ಕು ವರ್ಷದ ಅರ್ಜಿ ಮಾಡದ್ದನ್ನು ಎರಡು ಸಾಲು ಮಾಡಿತ್ತು.

ಈ ಸಂತೋಷ ಒಂಬತ್ತು ಗಂಟೆಯವರೆಗೆ ಇತ್ತು.

ಒಂಬತ್ತಕ್ಕೆ ತಿರುವಿನ ಪಕ್ಕದ ತೋಟದ ಬ್ಲಾಕಿಗೆ ಕಾಫಿ ಹಣ್ಣು ಕೊಯ್ಯಲು ಹೋಗಬೇಕಾದ ಇಪ್ಪತ್ತೆರಡು ಆಳುಗಳು ಚೀಲ ಹಿಡಿದುಕೊಂಡು ತಮ್ಮ ಸಾಲುಮನೆಗಳ ಜಗಲಿಯಲ್ಲೇ ಕೂತರು. ಮುಂದಾಳು ಸಿದ್ದಿ ಕೈಯಾಡಿಸಿದಳು. "ಆನೆ ಇರೋ ಕಡೆ ನಾವು ಹೋಗಾಕಿಲ್ಲ ರೈಟ್ರೇ. ನೀವೇ ತಾನೆ ಬರೆದಿದ್ದು?"

"ಅದು ಹೋಗಿರಬಹುದು ಸಿದ್ದಿ."

"ಹೋಗಿರೋದನ್ನ ನೋಡಿದ್ರಾ?"

ಬಾರದೇ ಇದ್ದದ್ದು ಹೋಗುವುದನ್ನು ಅವನು ಹೇಗೆ ನೋಡಿಯಾನು?

ಸಾಹುಕಾರ್ ಉತ್ತಯ್ಯನವರ ಫೋನು ಬಂತು. "ಏನ್ರೀ ಚೆನ್ನಯ್ಯ, ಹಣ್ಣು ನೆಲಕ್ಕೆ ಉದುರ್ತಾ ಇದೆ, ನೀವು ಆಳುಗಳನ್ನ ಕೂರಿಸಿಕೊಂಡು ಕತೆ ಹೇಳ್ತಿದ್ದೀರಾ? ಫಾರೆಸ್ಟಿನವರಿಗೆ ಹೇಳಿದ್ದೀನಿ. ಬರ್ತಾರೆ. ಜೊತೆಗೆ ನಿಂತು ಜಾಗ ತೋರಿಸಿ."

ಬಂದವರು ಇಬ್ಬರು ವಾಚರುಗಳು. ನಾಲ್ಕು ಪಟಾಕಿ ಹೊಡೆದರು. ಎರಡು ಮಂಗ, ಬೋಜಪ್ಪನ ನಾಯಿ ಓಡಿದವು. ಆನೆ ಓಡಲಿಲ್ಲ. ಈಗ ಸಿಕ್ಕಿಬಿದ್ದೆ ಎಂದು ಚೆನ್ನಯ್ಯ ಅಂದುಕೊಳ್ಳುವಷ್ಟರಲ್ಲಿ ಹಿರಿಯ ವಾಚರು ರಸ್ತೆ ಪಕ್ಕದ ಕಾಫಿ ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಚಿನ್ನಿ ಬಿದ್ದ ಗಿಡ. ಜೋತಾಡುತ್ತಿದ್ದ ರೆಂಬೆಯನ್ನು ಎತ್ತಿ, ಮುರಿದ ಜಾಗವನ್ನು ಬೆರಳಲ್ಲಿ ಉಜ್ಜಿ, ತಲೆದೂಗಿದ.

"ಹಸಿ ಮುರಿತ. ಬೆಳಿಗ್ಗೆಯದೇ. ಇಲ್ಲೇ ದಾಟಿದೆ."

"ಸ್ವಾಮಿ, ಅದು..." ಎಂದ ಚೆನ್ನಯ್ಯ.

"ನೀವು ಪುಣ್ಯವಂತರು ರೈಟ್ರೇ. ಇಷ್ಟು ಹತ್ತಿರದಿಂದ ನೋಡಿ ಉಳಿದಿದ್ದೀರಿ."

ಆಮೇಲೆ ಗ್ರೂಪಿನಲ್ಲಿ ಆನೆ ಬೆಳೆಯತೊಡಗಿತು. ಹನ್ನೊಂದಕ್ಕೆ ಅದಕ್ಕೆ ಒಂದೇ ದಂತ ಇತ್ತು. ಹನ್ನೆರಡಕ್ಕೆ ಮದ ಬಂದಿತ್ತು. ಬೋಜಪ್ಪ ಅಂಗಡಿಯಿಂದಲೇ ಅದರ ಕಿವಿ ನೋಡಿದ್ದ. ಒಂದು ಗಂಟೆಗೆ ಸ್ಕೂಲಿನವರು ಮಕ್ಕಳನ್ನು ಬೇಗ ಬಿಡುತ್ತೇವೆಂದು ಹೇಳಿಕಳಿಸಿದರು. ಹೆಂಡತಿ ಕಮಲ ಫೋನಿನಲ್ಲಿ ಅಳುತ್ತಿದ್ದಳು.

"ರೀ, ಆ ತಿರುವಲ್ಲಿ ಆನೆ ಇದೆಯಂತೆ. ಮಗು ನಡ್ಕೊಂಡು ಬರೋದು ಬೇಡ. ಸ್ಕೂಟರಲ್ಲಿ ಹೋಗಿ ಕರ್ಕೊಂಡು ಬನ್ನಿ. ನಿಧಾನ ಹೋಗಿ, ಆಯ್ತಾ?"

ಅವಳಿಗಾದರೂ ನಿಜ ಹೇಳಬಹುದಿತ್ತು. ಕಮಲಳಿಗೆ ಹೇಳಿದರೆ ಅವಳ ಅಕ್ಕನಿಗೆ ಹೇಳಿದಂತೆ, ಅಕ್ಕನಿಗೆ ಹೇಳಿದರೆ ಸೋಮವಾರಪೇಟೆಗೆ ಮೈಕಿನಲ್ಲಿ ಹೇಳಿದಂತೆ. "ಆಯ್ತು" ಎಂದ.

ಸ್ಕೂಲಿನಿಂದ ಚಿನ್ನಿಯನ್ನು ಮುಂದೆ ನಿಲ್ಲಿಸಿಕೊಂಡು ಹೊರಟಾಗ ರಸ್ತೆ ಖಾಲಿ. ಒಂದು ಬೈಕಿಲ್ಲ, ಜೀಪಿಲ್ಲ, ನಾಯಿ ಕೂಡ ಇಲ್ಲ. ರಸ್ತೆಯಲ್ಲಿ ಏನೂ ಇಲ್ಲವೆಂದು ಇಡೀ ಊರಲ್ಲಿ ಗೊತ್ತಿದ್ದವನು ಅವನೊಬ್ಬನೇ. ಆಳುಗಳನ್ನು ಬೇಗ ಕೆಲಸಕ್ಕೆ ಹಚ್ಚಬೇಕು ಎಂಬ ಯೋಚನೆಯಲ್ಲಿ ಕೈ ತನ್ನಷ್ಟಕ್ಕೇ ಆಕ್ಸಿಲರೇಟರ್ ತಿರುಗಿಸಿತು. ಗಾಳಿ ಕಿವಿಯಲ್ಲಿ ಹಾಡಿತು. ಗಿಡಗಳು ಹಿಂದಕ್ಕೆ ಓಡಿದವು. ಸುಳ್ಳೇಕೆ, ಹಿತವಾಗಿತ್ತು.

"ಅಪ್ಪಾ," ಎಂದಳು ಚಿನ್ನಿ, ಕನ್ನಡಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು. "ನೀನೂ ದಿಗಂತಣ್ಣನ ಥರಾನೇ ಹೋಗ್ತೀಯಲ್ಲಾ."

ಚೆನ್ನಯ್ಯ ಬ್ರೇಕ್ ಒತ್ತಿದ. ಸ್ಕೂಟರು ಜಾರಿ, ಸೊಟ್ಟಗಾಗಿ, ಮುರಿದ ರೆಂಬೆಯ ಎದುರಿಗೇ ನಿಂತಿತು. ಚಿನ್ನಿಯನ್ನು ಇಳಿಸಿ ಇಂಜಿನ್ ಆಫ್ ಮಾಡಿದ. ಇಷ್ಟು ದಿನ ಅವನು ದಿಗಂತನ ಕೊಬ್ಬನ್ನು ಬೈಯುತ್ತಿದ್ದ. ಎದುರಿಗೆ ಯಾರೂ ಬರುವುದಿಲ್ಲ ಎಂದು ಮನಸ್ಸಿಗೆ ಅನಿಸಿಬಿಟ್ಟರೆ ಕೈಗೆ ವಯಸ್ಸಿಲ್ಲ, ಬುದ್ಧಿಯೂ ಇಲ್ಲ. ಉಳಿದ ದಾರಿಯನ್ನು ಸ್ಕೂಟರು ತಳ್ಳಿಕೊಂಡೇ ಹತ್ತಿದ. ಅಂಗಡಿಯ ಹತ್ತಿರ ಬರುವಾಗ ಒಂದು ನಿರ್ಧಾರ ಮಾಡಿದ್ದ. ಆನೆ ಇಲ್ಲ, ತಪ್ಪಾಯಿತು ಎಂದು ಗ್ರೂಪಿನಲ್ಲಿ ಹಾಕಿಬಿಡುವುದು. ಬೈದರೆ ಬೈಯಲಿ.

ಆದರೆ ಅಂಗಡಿಯ ಮುಂದೆ ಜನ ಸೇರಿದ್ದರು. ನಡುವೆ ಒಂದು ಪಿಕಪ್ ನಿಂತಿತ್ತು. ಅದರ ತುಂಬ ಜಲ್ಲಿ, ಎರಡು ಡ್ರಮ್ ಟಾರು, ಬಿಳಿ ಬಣ್ಣದ ಡಬ್ಬ. ಕಂಟ್ರಾಕ್ಟರ್ ಆನಂದ್ ಬಾನೆಟ್ಟಿಗೆ ಒರಗಿ ಟೀ ಕುಡಿಯುತ್ತಿದ್ದ.

"ಬಂತು ನೋಡಿ ರೈಟ್ರೇ!" ಜಯಪ್ರಕಾಶ್ ಎದೆ ಮುಂದೆ ಮಾಡಿದ. "ಬೆಳಿಗ್ಗೆ ನಾನು ಹೇಳಿದಾಗ ನಂಬಲಿಲ್ಲ. ನಿಮ್ಮ ಹಂಪ್!"

ಚೆನ್ನಯ್ಯನ ಕಣ್ಣಲ್ಲಿ ನೀರು ಬಂತು. "ಹಾಕಿ, ಹಾಕಿ. ಈಗಲೇ ಹಾಕಿ."

"ಹಾಕೋದು ಹೇಗೆ?" ಎಂದ ಬೋಜಪ್ಪ. "ಆನೆ ಬರೋ ಜಾಗದಲ್ಲಿ ಹಂಪ್ ಹಾಕಿದ್ರೆ, ಅದು ಅಟ್ಟಿಸ್ಕೊಂಡು ಬಂದಾಗ ಜನ ಹಂಪ್ ಮೇಲೆ ಬಿದ್ದು ಸಾಯ್ಬೇಕಾ?"

"ಅದೇ ನಾನೂ ಹೇಳಿದ್ದು," ಎಂದಳು ಪೊನ್ನಮ್ಮ.

ಅಷ್ಟರಲ್ಲಿ ಕೆಳಗಿನಿಂದ ಒಂದು ಗರ್ಜನೆ ಕೇಳಿತು. ಜನ ಚೆದುರಿದರು. ದಿಗಂತನ ಬೈಕು ತಿರುವಿನಿಂದ ಬಾಣದ ಹಾಗೆ ಎದ್ದು ಬಂದು, ಪಿಕಪ್ಪಿಗೆ ಒಂದು ಗೇಣು ಬಿಟ್ಟು ನಿಂತಿತು. ಬೆಳಗಿನ ವೇಗ ಇದರ ಮುಂದೆ ದಿಬ್ಬಣದ ನಡಿಗೆ.

"ನಿಧಾನ ಬಾ ಅಂತ ಬರೆದಿರಲಿಲ್ವೇನೋ!" ಚೆನ್ನಯ್ಯ ಕಿರುಚಿದ.

"ಆನೆ ಇರೋ ಕಡೆ ಯಾರಾದ್ರೂ ನಿಧಾನ ಬರ್ತಾರಾ ಅಂಕಲ್? ಕಣ್ಣು ಮುಚ್ಚಿ ಎಳೆದುಬಿಡ್ಬೇಕು. ಫ್ರೆಂಡ್ಸೆಲ್ಲ ಈಗ ಹಾಗೇ ದಾಟ್ತಿರೋದು. ಬೆಳಿಗ್ಗೆ ತಳ್ಳಿದವರು ದಡ್ಡರು."

ಚೆನ್ನಯ್ಯ ಚಿನ್ನಿಯನ್ನು ತನ್ನ ಹಿಂದಕ್ಕೆ ಎಳೆದುಕೊಂಡ. ಇನ್ನು ಮರ್ಯಾದೆ ನೋಡಿಕೊಂಡು ಕೂರುವ ಹೊತ್ತಲ್ಲ. ಕೈ ಮುಗಿದ.

"ಕೇಳಿ ಎಲ್ಲರೂ. ಆನೆ ಇಲ್ಲ. ನಾನೇ ಸುಳ್ಳು ಬರೆದೆ. ಬೈಕುಗಳು ನಿಧಾನ ಹೋಗ್ಲಿ ಅಂತ ಬರೆದೆ. ಆ ರೆಂಬೆ ಮುರಿದದ್ದು ನನ್ನ ಮಗಳು ಬಿದ್ದು. ನನ್ನ ಮೇಲೆ ಏನು ಬೇಕಾದ್ರೂ ಕ್ರಮ ತಗೊಳ್ಳಿ, ಹಂಪ್ ಮಾತ್ರ ಹಾಕಿ."

ಬೋಜಪ್ಪ ಸೋಸುವ ಬಟ್ಟೆಯನ್ನು ಕೊಡವಿದ.

"ಹಾಗಾದ್ರೆ ನಾನು ನೋಡಿದ ಕಿವಿ ಯಾರದು? ನಿಮ್ಮ ಸಾಹುಕಾರ್ರದಾ?"

"ನಾನು ಬೆನ್ನು ನೋಡಿದ್ದೀನಿ," ಎಂದಳು ಪೊನ್ನಮ್ಮ. "ಕರೀ ಬಂಡೆ ಥರ."

"ನಾನು ಪಕ್ಕದಲ್ಲೇ ಪಾಸಾದೆ ಅಂಕಲ್," ಎಂದ ದಿಗಂತ್. "ಸೊಂಡಿಲು ಎತ್ತಿತು."

ಜಯಪ್ರಕಾಶ್ ಚೆನ್ನಯ್ಯನ ಹೆಗಲ ಮೇಲೆ ಕೈ ಇಟ್ಟ. ದನಿಯಲ್ಲಿ ನಿಜವಾದ ಮರುಕ ಇತ್ತು. "ರೈಟ್ರೇ, ಹಂಪ್ ಆಸೆ ನಿಮಗೆ ಎಷ್ಟಿದೆ ಅಂತ ನನಗೆ ಗೊತ್ತು. ಆದ್ರೆ ಅದಕ್ಕೋಸ್ಕರ ಎದುರಿಗಿರೋ ಆನೇನೇ ಇಲ್ಲ ಅಂತ ಸುಳ್ಳು ಹೇಳಬಾರದು. ಜನರ ಪ್ರಾಣದ ಪ್ರಶ್ನೆ."

"ಅಯ್ಯೋ, ನಾನು ನಿಜ..."

"ಮಗು ಮುಂದೆ ಹೀಗೆಲ್ಲ ಹೇಳಬಾರ್ದು," ಎಂದ ಬೋಜಪ್ಪ.

ಚೆನ್ನಯ್ಯ ಜೇಬಿನಿಂದ ಚಪ್ಪಟೆ ಡಬ್ಬಿ ತೆಗೆದು ಎತ್ತಿ ಹಿಡಿದ. ಇದನ್ನಾದರೂ ನೋಡಿ ಎಂದ. ನೋಡಿದರು. ಪೊನ್ನಮ್ಮ ಗಲ್ಲಕ್ಕೆ ಕೈ ಹಚ್ಚಿ, "ಅಬ್ಬಬ್ಬಾ, ಹೇಗೆ ತುಳಿದಿದೆ ನೋಡಿ" ಎಂದಳು.

ಚೆನ್ನಯ್ಯ ಡಬ್ಬಿಯನ್ನು ಮತ್ತೆ ಜೇಬಿಗೆ ತುರುಕಿಕೊಂಡ.

ಕಂಟ್ರಾಕ್ಟರ್ ಆನಂದ್ ಲೋಟ ಬೆಂಚಿನ ಮೇಲಿಟ್ಟ. "ನೀವು ಮಾತಾಡ್ಕೊಳ್ಳಿ. ಆನೆ ಬರೋ ಜಾಗದಲ್ಲಿ ಕೂತು ಟಾರು ಕಾಯಿಸೋಕೆ ನನಗೇನು ಹುಚ್ಚಾ? ಹೋಗಿ ಬರ್ತೀನಿ," ಎಂದು ಪಿಕಪ್ ಹತ್ತಿದ. ಚೆನ್ನಯ್ಯ ಬಾಗಿಲು ಹಿಡಿದುಕೊಂಡು ಹತ್ತು ಹೆಜ್ಜೆ ಜೊತೆಗೇ ಓಡಿದ. ಆನಂದ್ ತಿರುವಿನ ಕಡೆ ನೋಡಿದವನೇ ಗೇರ್ ಬದಲಿಸಿ, ಕಣ್ಣು ಮುಚ್ಚಿದ ಹಾಗೆ ಎಳೆದುಬಿಟ್ಟ. ಜಲ್ಲಿಯ ನಾಲ್ಕು ಕಲ್ಲು ಹಿಂದಿನಿಂದ ಉದುರಿ ರಸ್ತೆಯ ಮೇಲೆ ಬಿದ್ದವು. ಚಿನ್ನಿ ಅವನ್ನು ಆರಿಸಿ, ರಸ್ತೆಗೆ ಅಡ್ಡಲಾಗಿ ಒಂದೊಂದಾಗಿ ಜೋಡಿಸಿಟ್ಟಳು.

ಆ ಸಲಗ ಈಗಲೂ ವಾರಕ್ಕೆ ಎರಡು ಸಲ ಗ್ರೂಪಿನಲ್ಲಿ ಬರುತ್ತದೆ. ಹೋಗಿ ಬರುತ್ತೇನೆಂದ ಆನಂದ್ ಮಾತ್ರ ಬಂದಿಲ್ಲ.