ತೊಡೆಯ ಮೇಲೆ ಹಿಡಿಸುವ ಪೆಡಲ್‌ಬೋರ್ಡು

“ಟೀ ಟ್ರೇ ಇದೆಯಲ್ಲ, ಅಷ್ಟೇ ಉದ್ದ, ಅಷ್ಟೇ ಅಗಲ!” ಎಂದು ಫ್ಯೂಸಣ್ಣ ಎರಡೂ ಕೈ ಚಾಚಿ ಗಾಳಿಯಲ್ಲಿ ಒಂದು ಚೌಕ ಕತ್ತರಿಸಿದ. “ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗ್ಬಹುದು. ಪಕ್ಕದ ಸೀಟಿನವನಿಗೆ ಮೊಣಕೈ ಕೂಡ ತಾಗಲ್ಲ. ಈ ಭೂಮಿ ಮೇಲೆ ಬೇಸ್ ಗಿಟಾರ್ ನುಡಿಸೋ ಯಾರ ಹತ್ರನೂ ಇಂಥ ಪೆಡಲ್‌ಬೋರ್ಡ್ ಇರಲ್ಲ. ಬರ್ದಿಟ್ಕೋ!”

“ನಲ್ಲಿ ರಿಪೇರಿಗೆ ಮುಂಚೆನೂ ಬರ್ದಿಟ್ಕೋ ಅಂದಿದ್ರಿ,” ಎಂದಳು ಹೆಂಡತಿ. “ಬರ್ದಿಟ್ಟಿದ್ದೆ. ಆ ಪುಸ್ತಕನೇ ತೇಲ್ಹೋಯ್ತು.”

ಫ್ಯೂಸಣ್ಣ ಬಸ್ ಡಿಪೋದ ವಿದ್ಯುತ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಕೆಲಸಗಾರ ಕೆಟ್ಟವನಲ್ಲ. ಅವನು ಎಳೆದ ವೈರು ಅವನು ಸತ್ತ ಮೇಲೂ ಇರುತ್ತದೆ. ಇದ್ದ ಕಾಯಿಲೆ ಒಂದೇ, ಅದೂ ಡಿಪೋದಿಂದ ಹತ್ತಿಸಿಕೊಂಡು ಬಂದದ್ದು. ಡಿಪೋದಲ್ಲಿ ಬಲ್ಬಿನ ಹೋಲ್ಡರ್, ಕನ್ನಡಿ, ಗಂಟೆ, ಸೀಟಿನ ಹಿಡಿ, ಹೀಗೆ ಸ್ಕ್ರೂ ಇದ್ದದ್ದಕ್ಕೆಲ್ಲ ಕಾಲು ಬಂದು ಎತ್ತಲೋ ನಡೆದುಹೋಗುತ್ತಿದ್ದವು. ಅದಕ್ಕೆ ಅಲ್ಲಿಯವರು ಒಂದು ಮದ್ದು ಕಂಡುಕೊಂಡಿದ್ದರು. ಸ್ಕ್ರೂ ಬಿಗಿದ ತಕ್ಷಣ ಅದರ ತಲೆಯನ್ನು ಅರದಿಂದ ಉಜ್ಜಿ ಉಜ್ಜಿ ಗೀರೇ ಇಲ್ಲದಂತೆ ನುಣ್ಣಗೆ ಮಾಡಿಬಿಡುವುದು! ಆಮೇಲೆ ಕಳ್ಳನಲ್ಲ, ಕಳ್ಳನ ತಾತ ಬಂದರೂ ಸ್ಕ್ರೂಡ್ರೈವರ್ ಕೂರುವುದಿಲ್ಲ. ಫ್ಯೂಸಣ್ಣ ಈ ಮದ್ದನ್ನು ಮನೆಗೂ ತಂದಿದ್ದ. ಫ್ಯಾನು, ಬೀರುವಿನ ಕೀಲು, ಬಚ್ಚಲಿನ ಸೋಪಿನ ಡಬ್ಬಿ, ಕೊನೆಗೆ ಊಟದ ಮೇಜಿನ ನಾಲ್ಕು ಕಾಲು, ಎಲ್ಲದರ ಸ್ಕ್ರೂಗಳೂ ಅಲ್ಲಿ ಬೋಳುತಲೆಯವೇ.

“ಸೋಪಿನ ಡಬ್ಬಿ ಯಾರ್ರೀ ಕದೀತಾರೆ?” ಎಂದು ಹೆಂಡತಿ ಕೇಳಿದರೆ, “ಕದ್ದಿದಾರಾ? ಇಲ್ವಲ್ಲ! ಅದೇ ನಾನು ಹೇಳೋದು!” ಎನ್ನುತ್ತಿದ್ದ.

ಹೆಂಡತಿ ಮಕ್ಕಳ ವಾರ್ಡಿನಲ್ಲಿ ನರ್ಸು. ಇಪ್ಪತ್ತೈದು ವರ್ಷ ಕೂಸುಗಳ ಕೀರಲು ಅಳು ಕೇಳಿದ ಆ ಕಿವಿಗಳಿಗೆ ಐವತ್ತರ ಹೊಸ್ತಿಲಲ್ಲಿ ಬೇಸ್ ಗಿಟಾರಿನ ಗುಂಯ್‌ಗುಡುವ ಸದ್ದು ಬಿದ್ದು, “ಅಬ್ಬ, ಇದೊಂದು ಕಿರುಚದ ವಸ್ತು!” ಎನಿಸಿತಂತೆ. ಎರಡು ವರ್ಷ ಬೆರಳಿಗೆ ಬೊಬ್ಬೆ ಬರಿಸಿಕೊಂಡು ಕಲಿತಳು. ಈಗ ಕಾರ್ಮಿಕರ ಸಭೆಗಳಲ್ಲಿ ಹಾಡುವ ಒಂದು ಬ್ಯಾಂಡಿಗೆ ಅವಳೇ ಬೇಸು. ಅಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುವುದು.

ಗಿಟಾರಿನ ಸದ್ದು ತಿದ್ದಲು ಅವಳ ಹತ್ತಿರ ಅಂಗೈಯಗಲದ ನಾಲ್ಕು ಕಬ್ಬಿಣದ ಡಬ್ಬಗಳಿದ್ದವು. ಪೆಡಲ್ ಅಂದರೆ ಇವೇ. ನುಡಿಸುತ್ತ ಕಾಲಿನಲ್ಲಿ ತುಳಿಯಬೇಕು. ಒಂದು ಶ್ರುತಿ ನೋಡಲು, ಒಂದು ಸದ್ದನ್ನು ಸಮ ಮಾಡಲು, ಒಂದು ಗೊಗ್ಗರು ಮಾಡಲು, ಮತ್ತೊಂದು ಪಾತಾಳಕ್ಕಿಳಿಸಲು. ಈ ನಾಲ್ಕು ಡಬ್ಬ, ಅವುಗಳ ನಾಲ್ಕು ಅಡಾಪ್ಟರು, ಐದು ವೈರು, ಎಲ್ಲ ಒಂದೇ ತರಕಾರಿ ಚೀಲದಲ್ಲಿ ಹೋಗಿಬರುತ್ತಿದ್ದವು. ಹೊರತೆಗೆದರೆ ವೈರುಗಳು ಒಂದನ್ನೊಂದು ತಬ್ಬಿಕೊಂಡು, ಒಗ್ಗಟ್ಟಿನಲ್ಲಿ ಬಲವಿದೆ ಎಂದು ಸಾರುತ್ತಿದ್ದವು. ಹಿಂದಿನ ಸಭೆಯಲ್ಲಂತೂ ಇಪ್ಪತ್ತು ನಿಮಿಷದ ಕಾರ್ಯಕ್ರಮದಲ್ಲಿ ಹದಿನಾಲ್ಕು ನಿಮಿಷ ಗಂಟು ಬಿಡಿಸಿದ್ದೇ ಆಯಿತು. ಕೊನೆಯ ಗಂಟು ಬಿಚ್ಚಿದಾಗ ಬಿದ್ದಷ್ಟು ಚಪ್ಪಾಳೆ ಹಾಡಿಗೆ ಬೀಳಲಿಲ್ಲ.

ಬ್ಯಾಂಡಿನ ಯಜಮಾನ ಡ್ರಮ್ಮು ಬಾರಿಸುವವನು, ಹೊಟ್ಟೆಪಾಡಿಗೆ ಲಾಂಡ್ರಿ ಇಟ್ಟವನು. ಅವನು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ: “ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ. ಶನಿವಾರ ನೂಲಿನ ಗಿರಣಿ ಒಳಗೇ ಸಭೆ. ಊಟದ ಹೊತ್ತಲ್ಲಿ ಅರ್ಧ ಗಂಟೆ ಗಿಟ್ಟಿಸೋಕೆ ಅಲ್ಲಿನ ಕಾರ್ಮಿಕರು ಏಳು ತಿಂಗಳು ಬಡಿದಾಡಿದಾರೆ. ಅದರಲ್ಲಿ ನಮಗೆ ಹತ್ತು ನಿಮಿಷ. ನೀವು ಎರಡು ನಿಮಿಷದಲ್ಲಿ ರೆಡಿಯಾದ್ರೆ ಸರಿ. ಇಲ್ಲಾಂದ್ರೆ ನಮ್ಮ ಕೀಬೋರ್ಡ್ ಮೇಷ್ಟ್ರು ಎಡಗೈಯಲ್ಲೇ ಬೇಸ್ ನೋಡ್ಕೋತೀನಿ ಅಂತಿದಾರೆ. ಆವತ್ತಿಂದ ಅದೇ ಖಾಯಂ.”

ಅವಳು ಮನೆಗೆ ಬಂದು ಚೀಲ ಎಸೆದಳು. “ನನ್ನ ಹತ್ತೂ ಬೆರಳು ಅವನ ಎಡಗೈಗೆ ಸಮ ಅಂತೆ!”

ಫ್ಯೂಸಣ್ಣನ ಮಹಾಪ್ರತಿಜ್ಞೆ ಹುಟ್ಟಿದ್ದು ಆಗಲೇ. ಒಂದೇ ಹಲಗೆ, ಅದರ ಮೇಲೆ ನಾಲ್ಕೂ ಪೆಡಲ್, ನಾಲ್ಕಕ್ಕೂ ಒಂದೇ ಅಡಾಪ್ಟರು. ಹೋದ ಕೂಡಲೇ ಕರೆಂಟು ಕೊಟ್ಟು, ಗಿಟಾರಿಂದ ಒಂದು ವೈರು, ಸ್ಪೀಕರಿಗೆ ಒಂದು ವೈರು ಚುಚ್ಚಿದರೆ ಮುಗಿಯಿತು!

ಕೆಲಸ ಶುರುವಾಯಿತು. ಹಲಗೆ ಬೇಕಲ್ಲ? ಚಪ್ಪಲಿ ಗೂಡಿನ ನಡುವಿನ ಹಲಗೆ ಹೋಯಿತು. ಗೂಡಿನ ಚಪ್ಪಲಿಗಳೆಲ್ಲ ಕಿಟಕಿ ಏರಿ ಸಾಲಾಗಿ ಕೂತು ಬೀದಿ ನೋಡತೊಡಗಿದವು. ನೆಲದ ಮೇಲೆ ಕೂತು ಮಾಡಲು ಫ್ಯೂಸಣ್ಣನ ಮಂಡಿ ಬಿಡದು. ಹಲಗೆ ಊಟದ ಮೇಜು ಹತ್ತಿತು.

“ರೀ, ಅದು ನಮ್ಮಮ್ಮನ ಮೇಜು. ಒಂದು ಗೀರು ಬಿದ್ರೂ ನೀವು ಡಿಪೋದಲ್ಲೇ ಹೋಗಿ ಮಲಗ್ಬೇಕು.”

“ಪೇಪರ್ ಹಾಸಿದೀನಲ್ಲೇ! ಗೀರು ಎಲ್ಲಿಂದ ಬೀಳುತ್ತೆ?”

ಗೀರು ಬೀಳಲಿಲ್ಲ ಎನ್ನುವುದನ್ನು ಇಲ್ಲೇ ದಾಖಲಿಸುತ್ತೇನೆ. ಫ್ಯೂಸಣ್ಣ ಆ ಮಟ್ಟಿಗೆ ನುಡಿದಂತೆ ನಡೆದವನು.

ಮೂರು ದಿನ ಗಂಡಹೆಂಡಿರು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಂಡರು. ಮೇಜಿನ ಮೇಲೆ ಶಿಲ್ಪ ಅರಳುತ್ತಿತ್ತು. ಪೆಡಲಿನಿಂದ ಪೆಡಲಿಗೆ ಹೋಗುವ ವೈರುಗಳನ್ನು ಬೆರಳುದ್ದಕ್ಕೆ ಕತ್ತರಿಸಿ ಬೆಸುಗೆ ಹಾಕಿದ. ಡಿಪೋದ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದ. ಪೆಡಲುಗಳನ್ನು ಹಲಗೆಗೆ ಅಂಟುಪಟ್ಟಿಯಲ್ಲಿ ಕೂರಿಸುವುದು ಲೋಕರೂಢಿ, ಹೆಂಡತಿ ಅದನ್ನು ತಂದೂ ಕೊಟ್ಟಿದ್ದಳು. ಫ್ಯೂಸಣ್ಣ ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿ ಹಿಡಿದ.

“ಅಂಟು ಅಂದ್ರೆ ಬಾಯಿಮಾತಿನ ಭರವಸೆ ಕಣೇ. ಸ್ಕ್ರೂ ಅಂದ್ರೆ ಸಹಿ ಹಾಕಿದ ಒಪ್ಪಂದ!”

“ಸಹಿ ಹಾಕೋಕೆ ಮುಂಚೆ ಓದಿ ನೋಡ್ತಾರೆ,” ಎಂದಳು ಅವಳು.

ಬಸ್ಸಿನ ಬ್ಯಾಟರಿಯನ್ನು ಬಿಗಿಯುವ ಹಾಗೆ ಕಬ್ಬಿಣದ ಪಟ್ಟಿ ಬಗ್ಗಿಸಿ ಪೆಡಲುಗಳ ಭುಜಕ್ಕೆ ತೊಡಿಸಿದ. ಪಟ್ಟಿಗೆ ಎಂಟು ಸ್ಕ್ರೂ. ಅವನ ಡಬ್ಬದಲ್ಲಿದ್ದವೆಲ್ಲ ಡಿಪೋದ ಎರಡಿಂಚಿನ ಸ್ಕ್ರೂಗಳು. ಹಲಗೆಯ ದಪ್ಪ ಮುಕ್ಕಾಲಿಂಚು. ಓದುಗರಿಗೆ ಲೆಕ್ಕ ಬರುತ್ತದೆ. ಫ್ಯೂಸಣ್ಣನಿಗೂ ಬರುತ್ತದೆ, ಆದರೆ ಆ ಶನಿವಾರ ಬೆಳಿಗ್ಗೆ ಅವನು ಕಲಾವಿದನಾಗಿದ್ದ. ಕೊನೆಯ ತೂತಿಗೆ ಡ್ರಿಲ್ಲಿನ ಮೊನೆ ಟಣ್ ಎಂದು ಮುರಿಯಿತು. “ಎಷ್ಟು ಗಟ್ಟಿ ಹಲಗೆ!” ಎಂದು ಖುಷಿಪಟ್ಟ. ಎಂಟೂ ಸ್ಕ್ರೂ ಬಿಗಿದ. ಅರ ತೆಗೆದು ಎಂಟರ ತಲೆಯನ್ನೂ ಉಜ್ಜಿದ. ಮೇಲೆ ಕೈಯಾಡಿಸಿದ. ರೇಷ್ಮೆ!

“ಬಾರೇ!” ಎಂದು ಕೂಗಿದ. “ಎತ್ಕೋ ನಿನ್ನ ಟ್ರೇನ! ಗಂಟೆ ಇನ್ನೂ ಹನ್ನೊಂದೂವರೆ. ಯಾವನು ಅವನು, ಎಡಗೈಯವನು?”

ಹೆಂಡತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಬಂದಳು. ನಿಜವಾಗಿ ಚಂದವಿತ್ತು. ಅವಳ ಮುಖ ಅರಳಿತು. ಎರಡೂ ಕೈಯಲ್ಲಿ ಹಲಗೆ ಹಿಡಿದು ಎತ್ತಿದಳು.

ಮೇಜು ಎದ್ದಿತು.

ಕೆಳಗಿಟ್ಟಳು. ಮೇಜು ಇಳಿಯಿತು.

“ರೀ.”

“ಏನು, ಭಾರವಾ?”

“ಮೇಜೂ ಬರ್ತಿದೆ.”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಮಾತೂ ತೂತೂ ಒಬ್ಬನವೇ, ಕೆಟ್ಟದ್ದು ಮೇಜು. ಫ್ಯೂಸಣ್ಣ ಬಗ್ಗಿ ಮೇಜಿನಡಿ ನೋಡಿದ. ಎಂಟು ಸ್ಕ್ರೂಗಳ ಮೊನೆಗಳು ಮರದಿಂದ ಆಗಷ್ಟೇ ಮೊಳೆತ ಹಲ್ಲುಗಳ ಹಾಗೆ ಇಣುಕುತ್ತಿದ್ದವು. ಸ್ಕ್ರೂಡ್ರೈವರ್ ತಂದ. ತಲೆಯ ಮೇಲೆ ಅದು ಐಸಿನ ಮೇಲೆ ಕಾಲಿಟ್ಟಂತೆ ಜಾರಿತು. ಅವನ ಮೂವತ್ತೊಂದು ವರ್ಷದ ಅನುಭವವನ್ನು ಸೋಲಿಸಲು ಅವನಿಂದಲೇ ಆಗಲಿಲ್ಲ! ಕೊರೆದು ತೆಗೆಯೋಣವೆಂದರೆ ಡ್ರಿಲ್ಲಿಗೆ ಮೊನೆಯಿಲ್ಲ. ಕಾಲು ಬಿಚ್ಚಿ ಬರೀ ಹಾಸನ್ನು ಒಯ್ಯೋಣವೆಂದರೆ ಕಾಲುಗಳ ಸ್ಕ್ರೂಗೂ ಹತ್ತು ವರ್ಷದ ಹಿಂದೆಯೇ ತಲೆ ಬೋಳಿಸಿಯಾಗಿದೆ.

“ಗರಗಸ...” ಎಂದು ಅವನು ಬಾಯಿ ತೆಗೆದ.

“ಅಮ್ಮನ ಮೇಜು,” ಎಂದಳು ಅವಳು. ಆ ಎರಡು ಪದಕ್ಕೆ ಗರಗಸ ತಾನಾಗಿ ಗೋಡೆಯ ಮೊಳೆಗೆ ವಾಪಸು ಹೋಯಿತು.

ಅಷ್ಟರಲ್ಲಿ ಲಾಂಡ್ರಿಯವನ ವ್ಯಾನು ಬೀದಿಯಲ್ಲಿ ಹಾರ್ನ್ ಹೊಡೆಯಿತು. ಹೆಂಡತಿ ಮೂಗಿನ ತುದಿ ಕೆಂಪಗಾಗಿ ನಿಂತಿದ್ದಳು. ಅಳುವವಳಲ್ಲ ಅವಳು. ಸೂಜಿ ಚುಚ್ಚುವ ಮುಂಚೆ ಮಗುವನ್ನು ನೋಡುತ್ತಾರಲ್ಲ, ಹಾಗೆ ಗಂಡನನ್ನು ನೋಡಿದಳು.

“ಆ ಕಡೆ ಹಿಡೀರಿ,” ಎಂದಳು. “ಹೋಗೋದೇ. ಮೇಜೂ ಬರ್ಲಿ.”

ಬಾಗಿಲಲ್ಲಿ ಮೇಜು ಓರೆಯಾಯಿತು, ಮೆಟ್ಟಿಲಲ್ಲಿ ಅಂಗಾತವಾಯಿತು, ಪಕ್ಕದ ಮನೆಯವರ ಸೈಕಲ್ಲಿನ ಮೇಲೆ ಎರಡು ನಿಮಿಷ ಸುಧಾರಿಸಿಕೊಂಡಿತು. ಲಾಂಡ್ರಿಯವನು ಬಾಯಿ ತೆರೆದು, “ಸಿಸ್ಟರ್, ಪೆಡಲ್‌ಬೋರ್ಡ್ ಅಂದಿದ್ರಿ...” ಎಂದ.

“ಇದೇ ಅಣ್ಣ. ಮಡಚಕ್ಕೆ ಬರಲ್ಲ.”

ವ್ಯಾನಿನಲ್ಲಿ ಡ್ರಮ್ಮು, ಸ್ಪೀಕರು, ಒಗೆದ ಬಟ್ಟೆಯ ಗಂಟು, ಕೀಬೋರ್ಡ್ ಮೇಷ್ಟ್ರು. ಮೇಜಿಗೆ ಜಾಗ ಒಂದೇ ಕಡೆ ಇತ್ತು.

“ತೊಡೆ ಮೇಲೆ ಇಟ್ಕೊಂಡು ಹೋಗ್ಬಹುದು ಅಂದಿದ್ರಲ್ಲ,” ಎಂದಳು ಹೆಂಡತಿ. “ಇಟ್ಕೊಳ್ಳಿ.”

ಫ್ಯೂಸಣ್ಣ ಇಟ್ಟುಕೊಂಡ. ಒಂದು ಮೇಜಿನ ಕಾಲು ಅವನ ಕಂಕುಳಲ್ಲಿ, ಒಂದು ಕಿವಿಯ ಪಕ್ಕ. ಕೀಬೋರ್ಡ್ ಮೇಷ್ಟ್ರು ದಾರಿಯುದ್ದಕ್ಕೂ ತಮ್ಮ ಎಡಗೈಯ ಬೆರಳುಗಳ ನೆಟಿಕೆಯನ್ನು ಒಂದೊಂದಾಗಿ ಮುರಿಯುತ್ತಿದ್ದರು.

ಗಿರಣಿಯ ಗೇಟಿನಲ್ಲಿ ಕಾವಲಿನ ಹೆಂಗಸು ದಪ್ಪ ರಿಜಿಸ್ಟರ್ ಮುಂದಿಟ್ಟಳು. ಒಳಗೆ ಬರುವವರು ತಾವು ಯಾರು, ಏನು ಕೆಲಸ ಎಂದು ಬರೆಯಬೇಕು. ಎಲ್ಲರೂ ಬರೆದರು. ಫ್ಯೂಸಣ್ಣ ಕಂಕುಳು ಉಜ್ಜಿಕೊಳ್ಳುತ್ತಲೇ ದೊಡ್ಡ ಅಕ್ಷರದಲ್ಲಿ ಬರೆದ: ಮುಖ್ಯ ತಾಂತ್ರಿಕ ಸಲಹೆಗಾರ.

ಅಂಗಳದಲ್ಲಿ ಮೇಜು ಇಳಿಯಿತು. ಮೂರು ಹೆಜ್ಜೆ ತಿರುಗಿ ಬರುವಷ್ಟರಲ್ಲಿ ಕಾರ್ಮಿಕನೊಬ್ಬ ಅದರ ಮೇಲೆ ಬುತ್ತಿ ಬಿಚ್ಚಿ ತಿನ್ನತೊಡಗಿದ್ದ. ಅವನನ್ನು ಎಬ್ಬಿಸಿದ್ದಾಯಿತು. ಹೆಂಡತಿ ಕರೆಂಟು ಕೊಟ್ಟಳು, ಎರಡು ವೈರು ಚುಚ್ಚಿದಳು, ತಂತಿ ಮೀಟಿದಳು. ಗುಂಯ್! ಲಾಂಡ್ರಿಯವನು ಗಡಿಯಾರ ನೋಡಿದ. ನಲವತ್ತು ಸೆಕೆಂಡು!

ಫ್ಯೂಸಣ್ಣನ ಎದೆ ಉಬ್ಬಿತು. ಉಬ್ಬಿದ ಎದೆ ಹಾಗೇ ನಿಂತಿತು, ಏಕೆಂದರೆ ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಪೆಡಲ್ ತುಳಿಯಬೇಕು. ಪೆಡಲ್ ಸೊಂಟದ ಎತ್ತರದಲ್ಲಿದೆ. ಅವಳ ಎರಡೂ ಕೈಯಲ್ಲಿ ಗಿಟಾರಿದೆ. ಅವಳು ಒಂದು ಸಲ ಮೊಣಕಾಲೆತ್ತಿ ನೋಡಿದಳು. ಬುತ್ತಿಯವನು ಸಹಾಯಕ್ಕೆಂದು ಸ್ಟೂಲು ತಂದ.

“ಸ್ಟೂಲ್ ಬೇಡ,” ಎಂದು ಅವಳು ಗಂಡನ ರಟ್ಟೆ ಹಿಡಿದು ಮೇಜಿನ ಹಿಂದೆ ನಿಲ್ಲಿಸಿದಳು. “ಕೇಳಿಸ್ಕೊಳ್ಳಿ. ನಾನು ಎರಡು ಅಂದ್ರೆ ಎರಡು ಒತ್ಬೇಕು, ಮೂರು ಅಂದ್ರೆ ಮೂರು. ಒಂದನ್ನ ಮಾತ್ರ ಮುಟ್ಬೇಡಿ. ಅದು ಶ್ರುತಿ ನೋಡೋದು. ಒತ್ತಿದ್ರೆ ನನ್ನ ಸದ್ದು ಪೂರ್ತಿ ಬಂದ್.”

“ನನಗೆ ಸ್ವಿಚ್ ಒತ್ತೋದು ಹೇಳ್ಕೊಡ್ತೀಯಾ?”

“ಹೌದು.”

ಹಾಡು ಶುರುವಾಯಿತು. “ಎರಡು!” ಒತ್ತಿದ. “ಮೂರು!” ಒತ್ತಿದ. ಅವಳ ಬೇಸು ಅಂಗಳದ ತಗಡಿನ ಮಾಡನ್ನೇ ನಡುಗಿಸಿತು. ಬುತ್ತಿಗಳ ಮೇಲೆ ಬಗ್ಗಿದ್ದ ತಲೆಗಳು ಎದ್ದವು. ಏಳು ತಿಂಗಳು ಬಡಿದಾಡಿದವರ ಕಾಲುಗಳು ತಾಳ ಹಾಕತೊಡಗಿದವು. ಬಂತು ಅವಳ ಸರದಿ. ಉಳಿದವರೆಲ್ಲ ನಿಲ್ಲಿಸುತ್ತಾರೆ, ಅವಳೊಬ್ಬಳೇ ನುಡಿಸಬೇಕು.

“ನಾಲ್ಕು!”

ಫ್ಯೂಸಣ್ಣ ನಾಲ್ಕು ಒತ್ತಿದ. ಪಾತಾಳದಿಂದ ಎಂಥ ಗುಡುಗು ಎದ್ದಿತೆಂದರೆ ಮೇಜೇ ಅದುರಿತು. ಡಿಪೋದಲ್ಲಿ ಯಂತ್ರ ಹಾಗೆ ಅದುರಿದರೆ ಏನು ಮಾಡಬೇಕು? ಮೂವತ್ತೊಂದು ವರ್ಷ ಗೋಡೆಯ ಮೇಲೆ ಬರೆದಿತ್ತು: ಅಪಾಯ ಕಂಡರೆ ಒಂದನೇ ಸ್ವಿಚ್ ಆರಿಸಿ. ಅವನ ತಲೆಯನ್ನು ಕೇಳದೆ ಅವನ ಕೈ ಹೋಯಿತು. ಒಂದು ಒತ್ತಿತು.

ಬೇಸು ಸತ್ತಿತು. ಐನೂರು ಜನರ ಅಂಗಳದಲ್ಲಿ ಒಂದು ಕೆಮ್ಮೂ ಇಲ್ಲ. ಹೆಂಡತಿಯ ಬೆರಳು ಓಡುತ್ತಲೇ ಇದೆ, ಸದ್ದಿಲ್ಲ. ಕೀಬೋರ್ಡ್ ಮೇಷ್ಟ್ರ ಎಡಗೈ ಹೆಡೆ ಎತ್ತಿದಂತೆ ಮೇಲೆದ್ದಿತು.

ಮೇಜಿನಡಿಯಿಂದ ಸಿಸ್ಟರ್ ಅವರ ಬಲಗಾಲು ಬಂದು ಫ್ಯೂಸಣ್ಣನ ಮೊಣಕಾಲಿನ ಕೆಳಗೆ ಬಿತ್ತು. “ಒಂದು!” ಎಂಬುದನ್ನು ಅವನ ಮೂಳೆಯೇ ಕೇಳಿಸಿಕೊಂಡಿತು. ಅವನು ಹೌಹಾರಿ ಒಂದನ್ನು ಗುದ್ದಿದ. ಆ ಗುಡುಗು ಇಮ್ಮಡಿಯಾಗಿ ವಾಪಸು ಬಂತು. ಬೇಕೆಂದೇ ಹಾಗೆ ನಿಲ್ಲಿಸಿದ್ದೆಂದು ತಿಳಿದು ಅಂಗಳ ಹೋ ಎಂದಿತು. ಬುತ್ತಿ ಡಬ್ಬಗಳು ಬೆಂಚಿಗೆ, ಗೋಡೆಗೆ, ಗೇಟಿಗೆ ಬಡಿದವು. ಎಡಗೈ ಮೆಲ್ಲಗೆ ಮೇಷ್ಟ್ರ ಜೇಬಿಗೆ ಹೋಯಿತು.

ಸೈರನ್ ಕೂಗಿ ಜನ ಒಳಹೋದ ಮೇಲೆ ಲಾಂಡ್ರಿಯವನು ಹಣೆ ಒರೆಸಿಕೊಂಡು ಬಂದ. “ಸಿಸ್ಟರ್, ನಿಮ್ಮ ಜಾಗ ನಿಮ್ಮದೇ. ಮುಂದಿನ ಶನಿವಾರ ಬೇಕರಿಯವರ ಸಭೆ. ಅಂದ ಹಾಗೆ, ಆ ನಡುವೆ ನಿಲ್ಲಿಸಿದ್ದು... ಮೈ ಜುಂ ಅಂತು! ಯಾರ ತಲೆಗೆ ಹೊಳೀತು ಅದು?”

ಫ್ಯೂಸಣ್ಣ ಬಾಯಿ ತೆರೆದ. ಹೆಂಡತಿ ಅವನ ಕಾಲಿನ ಕಡೆ ನೋಡಿದಳು. ಬಾಯಿ ಮುಚ್ಚಿದ.

“ತಲೆಗಲ್ಲ ಅಣ್ಣ,” ಎಂದಳು ಅವಳು. ಮೇಜು ಎದ್ದಾಗಿನಿಂದ ಮೊದಲ ಸಲ ನಗುತ್ತಿದ್ದಳು. “ಮುಂದಿನ ವಾರಾನೂ ಮೇಜು ಬರುತ್ತೆ. ಇವರೂ ಬರ್ತಾರೆ.”

ಗೇಟಿನಲ್ಲಿ ಕಾವಲಿನ ಹೆಂಗಸು ಅದೇ ರಿಜಿಸ್ಟರ್ ತೆರೆದು, ಮೇಜು ಹೊತ್ತು ಕುಂಟುತ್ತ ಬಂದವನನ್ನು ತಡೆದಳು. “ಏನಪ್ಪಾ, ಇಲ್ಲಿ ಸಲಹೆಗಾರ ಅಂತ ಬರ್ದಿದೀಯ. ಅಲ್ಲಿ ನೋಡಿದ್ರೆ ಆಯಮ್ಮ ಹೇಳಿದ್ದನ್ನ ನೀನು ಒತ್ತುತಿದ್ದೆ. ನಿಜವಾಗಿ ನಿನ್ನ ಕೆಲಸ ಏನು? ಸರಿಯಾಗಿ ಬರಿ.”

ಫ್ಯೂಸಣ್ಣ ಮೇಜು ಇಳಿಸಿ, ಅದರ ಮೇಲೆಯೇ ರಿಜಿಸ್ಟರ್ ಇಟ್ಟುಕೊಂಡ. ಬರೆದದ್ದನ್ನು ನೀಟಾಗಿ ಹೊಡೆದುಹಾಕಿದ. ಸ್ವಲ್ಪ ಯೋಚಿಸಿ, ಸಣ್ಣ ಅಕ್ಷರದಲ್ಲಿ ಬರೆದ:

ಸಿಸ್ಟರ್ ಅವರ ಬಲಗಾಲು.