ಅಮಾನೋ ಎಂದು ತಂದ ಸೀಗಡಿ

"ಇನ್ಮೇಲೆ ಈ ಗಾಜನ್ನ ಮನುಷ್ಯರು ಉಜ್ಜೋ ಹಾಗಿಲ್ಲ!"

ಕೊಡಿಗೇಹಳ್ಳಿಯಲ್ಲಿ ಕನ್ನಡಕದಂಗಡಿ ಇಟ್ಟಿದ್ದ ನಂದಕುಮಾರ್ ಒಂದು ಭಾನುವಾರ ಬೆಳಿಗ್ಗೆ ಹೀಗೆ ಘೋಷಿಸಿದ. ಹೆಂಡತಿ ಶಿಲ್ಪ ಹಾಲ್‌ನಲ್ಲಿದ್ದ ಅಕ್ವೇರಿಯಂಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಪಾಚಿ ಕೆರೆಯುತ್ತಿದ್ದಳು. ಒಳಗಿದ್ದ ಗಪ್ಪಿ ಮೀನುಗಳು ಅವಳವು. ಮರಿಗಳಿದ್ದಾಗ ಉಪ್ಪಿನಕಾಯಿ ಜಾಡಿಯಲ್ಲಿ ಬೇರೆ ಇಟ್ಟು, ಬೇಯಿಸಿದ ಮೊಟ್ಟೆಯ ಹಳದಿಯನ್ನು ಸೂಜಿಮೊನೆಯಷ್ಟು ತಿನ್ನಿಸಿ ಬೆಳೆಸಿದ್ದಳು. ಕಿತ್ತಳೆ ಬಾಲದ ದೊಡ್ಡದಕ್ಕೆ ರಾಣಿ ಎಂದು ಹೆಸರು.

"ಮತ್ಯಾರು ಉಜ್ತಾರೆ? ನೀವಾ?"

"ಸೀಗಡಿ ಕಣೇ! ಪಾಚೀನೇ ಅದರ ಊಟ."

ಒಳಗಿನಿಂದ ತಾಯಿ ಮುನಿಕೆಂಪಮ್ಮ ಇಣುಕಿದರು. "ಸೀಗಡೀನ ಸಾಕಕ್ಕೂ ತರ್ತಾರೇನ್ಲಾ ನಂದಾ? ಇಂಗೂ ಉಂಟಾ!"

ಆ ವಾರವೆಲ್ಲ ನಂದಕುಮಾರ್ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಸೀಗಡಿಶಾಸ್ತ್ರ ಅಧ್ಯಯನ ಮಾಡಿದ. ಕೆಂಪು ಬಿಳಿ ಪಟ್ಟೆಯ ಕ್ರಿಸ್ಟಲ್ ಸೀಗಡಿ ಮನಸ್ಸಿಗೆ ಬಂತು. ಆದರೆ ಅದಕ್ಕೆ ಮೆದು ನೀರು ಬೇಕು. ಇವರ ಬೋರ್ ನೀರೋ, ಬಕೆಟ್ಟಿಗೇ ಸುಣ್ಣ ಬಳಿಯುವಂಥದ್ದು! ಅದನ್ನು ಕೈಬಿಟ್ಟ. ಉಳಿದದ್ದು ಎರಡು ಜಾತಿ: ಚೆರಿ, ಅಮಾನೋ.

"ಚೆರಿ ತನ್ನಿ. ಕೆಂಪಗೆ ಮುದ್ದಾಗಿವೆ, ಬೋರ್ ನೀರಲ್ಲೂ ಬದುಕ್ತವಂತೆ," ಎಂದಳು ಶಿಲ್ಪ.

"ಅವು ಬರೀ ಶೋಕಿ! ಅಮಾನೋ ಅಂದ್ರೆ ದುಡಿಯೋ ಜೀವ. ಗಾಜಿನ ಥರ ಇರುತ್ತೆ, ಪಕ್ಕೇಲಿ ಚುಕ್ಕೆ. ಬಣ್ಣ ನೋಡ್ಬೇಡ, ಕೆಲಸ ನೋಡು."

"ಆಯ್ತು. ನನ್ನ ಗಪ್ಪಿಗಳಿಗೆ ಮಾತ್ರ ಏನೂ ಆಗ್ಬಾರ್ದು."

"ನಾನು ಗ್ಯಾರಂಟಿ!"

ಯಶವಂತಪುರದ ಮೀನಿನಂಗಡಿಯಲ್ಲಿ ಕೃಷ್ಣಯ್ಯ ಹೊಸ ಲೋಡಿನ ತೊಟ್ಟಿ ತೋರಿಸಿದ. ಒಳಗೆ ಗಾಜಿನಂಥ ಪುಟ್ಟ ಸೀಗಡಿಗಳು. "ಇವು ಅಮಾನೋನಾ?" ಎಂದು ನಂದಕುಮಾರ್ ಕೇಳಿದ.

"ಇರ್ಬೇಕು ಸಾರ್. ಹಂಗೇ ಕಾಣ್ತವೆ."

ನಂದಕುಮಾರ್ ತನ್ನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮೂಗನ್ನು ಗಾಜಿಗೆ ಅಂಟಿಸಿ ಪರೀಕ್ಷಿಸಿದ. "ಚುಕ್ಕೆ ಇದೆ! ಅಮಾನೋನೇ. ಊರಿಗೆಲ್ಲಾ ದೃಷ್ಟಿ ಕೊಡೋನು ನಾನು, ನನಗೆ ಗೊತ್ತಾಗಲ್ವಾ!"

ಸೀಗಡಿಗಳು ಮನೆಗೆ ಬಂದವು. ಮೊದಲೆರಡು ದಿನ ಸಾಧುಗಳಂತೆ ತಳದಲ್ಲಿದ್ದ ಮಡಕೆ ಚೂರಿನ ಕೆಳಗೆ ಕೂತಿದ್ದವು. ಆಮೇಲೆ ದಪ್ಪಗಾಗತೊಡಗಿದವು. ಪಾಚಿ ಮಾತ್ರ ಇದ್ದ ಹಾಗೇ ಇತ್ತು. ಗಪ್ಪಿಗಳು ಕಡಿಮೆಯಾದವು.

"ರೀ, ಮೀನು ಕಾಣ್ತಿಲ್ಲ."

"ಗಿಡದ ಹಿಂದೆ ಇರ್ತವೆ."

"ನಿಮ್ದು ಅಮಾನೋ ಅಲ್ಲ, ನಂಗ್ಯಾಕೋ ಅನುಮಾನ!"

ಹಾರಿ ಹೊರಗೆ ಬಿದ್ದಿರಬಹುದೆಂದು ನಂದಕುಮಾರ್ ಟಾರ್ಚ್ ಹಿಡಿದು ಸೋಫಾದ ಕೆಳಗೆ ತೆವಳಿದ. ಕಿಟಕಿಯಿಂದ ಬರುವ ಬೆಕ್ಕಿನ ಮೇಲೆ ಆರೋಪ ಹೊರಿಸಿ ಬಲೆ ಬಿಗಿದ. ಬಲೆಯಿದ್ದೂ ಸೀಗಡಿಗಳೂ ಒಂದೊಂದಾಗಿ ಮಾಯವಾಗತೊಡಗಿದಾಗ ಅವನಿಗೆ ಬೆಕ್ಕಿನ ಮೇಲಿದ್ದ ನಂಬಿಕೆಯೂ ಹೋಯಿತು. ಕೊನೆಗೆ ರಾಣಿಯೂ ಕಾಣದಾದ ಬೆಳಿಗ್ಗೆ ಶಿಲ್ಪ ಕಾಫಿ ಕುಡಿಯಲಿಲ್ಲ, ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು!

ತೊಟ್ಟಿ ಖಾಲಿ ಮಾಡಿಯೇ ಹುಡುಕಬೇಕೆಂದು ನಂದಕುಮಾರ್ ಪೈಪ್ ಇಳಿಬಿಟ್ಟು ಬಾಯಲ್ಲಿ ಎಳೆದ. ಪಾಚಿನೀರು ಗಂಟಲಿಗೇ ನುಗ್ಗಿತು! ಕೆಮ್ಮುತ್ತಾ ಬಚ್ಚಲಿಗೆ ಓಡಿದ. ಪೈಪ್ ಬಕೆಟ್ಟಿನಿಂದ ಜಾರಿ ಹಾಲನ್ನೆಲ್ಲ ಕೆರೆ ಮಾಡಿತು. ನೀರು ಮೆಟ್ಟಿಲಿಳಿದು, ಕೆಳಗಿನ ಬಾಡಿಗೆ ಮನೆಯ ರಾಧಾಮಣಿ ಬಾಗಿಲ ಮುಂದೆ ಒಣಹಾಕಿದ್ದ ರಾಗಿಯನ್ನು ಸೇರಿತು.

"ಓನರ್ರೇ! ಮೇಲಿಂದ ಮೀನಿನ ವಾಸ್ನೆ ನೀರು ಬರ್ತಿದೆ ಕಣ್ರೀ! ಇವತ್ತು ಶನಿವಾರ, ನಮ್ಮನೇಲಿ ಒಪ್ಪೊತ್ತು!"

ಅವರಿಗೆ ಕೈಮುಗಿದು ನಂದಕುಮಾರ್ ಹತ್ತಿ ಬರುವಷ್ಟರಲ್ಲಿ ತೊಟ್ಟಿಯ ತಳ ಕಾಣುತ್ತಿತ್ತು. ಶಿಲ್ಪ ಮಡಕೆ ಚೂರು ಎತ್ತಿದಳು. ಕೆಳಗೆ ಒಂದೇ ಒಂದು ಸೀಗಡಿ. ಬೆರಳುದ್ದ ಬೆಳೆದಿತ್ತು, ಮೈಗಿಂತ ಉದ್ದದ ಎರಡು ಇಕ್ಕಳ ಬೇರೆ! ಒಂದು ಇಕ್ಕಳದಲ್ಲಿ ಕಿತ್ತಳೆ ಬಾಲದ ಚೂರು.

"ರಾಣಿ..." ಎಂದಳು ಶಿಲ್ಪ. ಅಷ್ಟೇ.

ಅದು ಅಮಾನೋ ಅಲ್ಲ, ಸಿಕ್ಕಿದ್ದನ್ನೆಲ್ಲ ಹಿಡಿದು ತಿನ್ನುವ ಹೊಳೆಸೀಗಡಿಯ ಮರಿಯಾಗಿತ್ತು. ಒಡಹುಟ್ಟಿದವುಗಳನ್ನೂ ಬಿಟ್ಟಿರಲಿಲ್ಲ. ನಂದಕುಮಾರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಎದುರಿಗೆ ಗಾಜಿನ ಮೇಲೆ ಪಾಚಿ ನಳನಳಿಸುತ್ತಿತ್ತು.

ಮಾರನೆಯ ದಿನ ಅದನ್ನು ಡಬ್ಬಿಗೆ ತುಂಬಿಕೊಂಡು ಇಬ್ಬರೂ ಯಶವಂತಪುರಕ್ಕೆ ಹೋದರು. ಅಂಗಡಿಯಲ್ಲಿ ಜಗಳ ಕಾಯಲೆಂದು ನಂದಕುಮಾರ್ ಡಬ್ಬಿಯ ಮುಚ್ಚಳ ತೆಗೆದ. ಬಾಯಿ ತೆರೆಯುವ ಮೊದಲೇ ಕೃಷ್ಣಯ್ಯ ಕಣ್ಣರಳಿಸಿ ಇಡೀ ಅಂಗಡಿಗೆ ಕೇಳುವಂತೆ ಕೂಗಿದ:

"ಏನ್ ಸಾರ್ ಬೆಳೆಸಿದ್ದೀರಾ! ಇಷ್ಟು ಬೇಗ ಇಷ್ಟು ಪುಷ್ಟಿಯಾಗಿ ನಾನೇ ನೋಡಿಲ್ಲ! ಏನ್ ಫುಡ್ ಹಾಕಿದ್ರಿ?"

ನಂದಕುಮಾರ್ ಚಪ್ಪಲಿ ನೋಡಿಕೊಂಡ. ಹಿಂದಿನ ದಿನದಿಂದ ಮುಚ್ಚಿದ್ದ ಬಾಯನ್ನು ಶಿಲ್ಪ ಆಗ ತೆರೆದಳು.

"ನಾನು ಮೊಟ್ಟೆ ತಿನ್ಸಿ ಸಾಕಿದ್ದ ಗಪ್ಪಿಗಳನ್ನ!"